ಹಾಲು ಸೋಂಕದ ಪುಡಿ

ಕಸ್ತೂರೆವ್ವ ಮಲಗಿದಲ್ಲಿಂದಲೇ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, "ಮುಂದಿನ ಚಿತ್ರ ಬ್ಯಾಡ. ಹಿಂದ ಸಣ್ಣ ಅಕ್ಷರದಾಗ ಏನ ಬರದಾರ, ಅದನ್ನ ಓದು," ಎಂದಳು.

ಪ್ರಾಚಿ ಗಂಡನ ಮುಖ ನೋಡಿದಳು. ಜಿನೇಶ ಕಣ್ಣಲ್ಲೇ ಬೇಡವೆಂದ. ಆದರೆ ಪ್ರಾಚಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆ ಮನೆಯ ಅರ್ಧ ಕಷ್ಟ ಅದರಿಂದಲೇ. "ಹಾಲಿನ ಪ್ರೋಟೀನ್ ಅಂತ ಐತಿ, ಅತ್ತಿ," ಎಂದಳು.

ಡಬ್ಬಿ ಮಂಚದ ಕೆಳಗೆ ಉರುಳಿತು.

ಒಂದೂವರೆ ತಿಂಗಳ ಹಿಂದೆ ಕಸ್ತೂರೆವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಜಮಖಂಡಿಯಲ್ಲಿ ರಾಡು ಹಾಕಿಸಿ ತೇರದಾಳದ ಮನೆಗೆ ಕರೆತಂದಿದ್ದರು. ಎಲುಬು ಹೇಗೋ ಕೂಡಿಕೊಳ್ಳುತ್ತಿತ್ತು. ಹೊಲಿಗೆ ಹಾಕಿದ ಗಾಯ ಮಾತ್ರ ಓಣಿಯವರ ಬಾಯಿಯ ಹಾಗೆ, ಏನು ಮಾಡಿದರೂ ಮುಚ್ಚುತ್ತಿರಲಿಲ್ಲ. ಮೈಯಲ್ಲಿ ಪ್ರೋಟೀನ್ ಇಲ್ಲ ಎಂದು ಡಾಕ್ಟರು ಈ ಪುಡಿ ಬರೆದುಕೊಟ್ಟಿದ್ದರು. "ಸೋಮವಾರದೊಳಗ ಒಂದು ಲೋಟಾನಾದ್ರೂ ಹೊಟ್ಟಿಗೆ ಹೋಗಿರಬೇಕು ನೋಡ್ರಿ. ಕುಡಿಯಾಕ ಶುರು ಮಾಡ್ಯಾರಂದ್ರ ಒಂದು ವಾರ ಕಾಯೋಣು. ಇಲ್ಲಂದ್ರ ಮತ್ತ ಕೊಯ್ಯೋದ," ಎಂದಿದ್ದರು. ಎಪ್ಪತ್ತೆರಡು ವರ್ಷದ ಜೀವ ಇನ್ನೊಮ್ಮೆ ಆ ಮೇಜಿನ ಮೇಲಿಂದ ಎದ್ದು ಬರುತ್ತದೆಂದು ಅವರೂ ಹೇಳಲಿಲ್ಲ, ಜಿನೇಶನೂ ಕೇಳಲಿಲ್ಲ.

ಕಸ್ತೂರೆವ್ವ ಈ ಚಾತುರ್ಮಾಸಕ್ಕೆ ಹಾಲು, ಹಾಲಿನಿಂದ ಆದದ್ದೆಲ್ಲವನ್ನೂ ಬಿಟ್ಟಿದ್ದಳು. ಶಾಲೆಯಲ್ಲಿ ಗುಮಾಸ್ತನಾಗಿದ್ದ ಮಗನಿಗೆ ಬೀಳಗಿಯಿಂದ ಬನಹಟ್ಟಿಗೆ ವರ್ಗವಾಗಲೆಂದು ಬಸದಿಯಲ್ಲಿ ಹಿಡಿದ ನೇಮ ಅದು. ವರ್ಗವಾಯಿತು, ಹಾಲು ಹೋಯಿತು. ಅವನು ಮ್ಯಾಟ್ರಿಕ್ ಪಾಸಾದಾಗ ಬೆಲ್ಲ ಹೋಗಿತ್ತು, ಮದುವೆ ಕೂಡಿಬಂದಾಗ ಅನ್ನ. ಮಗನಿಗೆ ಒಳ್ಳೆಯದಾದಾಗಲೆಲ್ಲ ತಾಯಿಯ ತಾಟಿನಿಂದ ಒಂದೊಂದು ಪದಾರ್ಥ ಎದ್ದು ಹೋಗುತ್ತಿತ್ತು. ಈಗ ಯಾರಾದರೂ ಜಿನೇಶನಿಗೆ "ನಿನಗ ಛಲೋ ಆಗಲೆಪಾ" ಎಂದು ಹರಸಿದರೆ ಅವನ ಎದೆ ಧಸಕ್ಕೆನ್ನುತ್ತಿತ್ತು.

ಅಂದು ಶನಿವಾರ. ಮರುದಿನ ಚತುರ್ದಶಿ, ಕಸ್ತೂರೆವ್ವನಿಗೆ ಉಪವಾಸ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಏನೂ ತಿನ್ನುವವರಲ್ಲ. ಎಂದರೆ, ಹಾಲಿಲ್ಲದ ಪ್ರೋಟೀನ್ ಪುಡಿಯೊಂದು ಈ ಸಂಜೆ ಸೂರ್ಯ ಇಳಿಯುವುದರೊಳಗೆ ಅವ್ವನ ಹೊಟ್ಟೆ ಸೇರಬೇಕು. ತಪ್ಪಿದರೆ ಉಳಿಯುವುದು ಸೋಮವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಹೊರಡುವ ಮುಂಚಿನ ಒಂದು ಗಳಿಗೆ ಮಾತ್ರ.

"ಅದಕ್ಕ್ಯಾಕ ಪುಡಿ? ನಾಕು ತೊಗರಿಬ್ಯಾಳಿ ಕುದಿಸಿ ಕುಡಸಬಾರದಾ?" ಎಂದಳು ಎದುರುಮನೆಯ ಮಹಾದೇವಿ. ಅವಳು ಬೆಳಿಗ್ಗೆ ಬಂದವಳು ಮಂಚದ ಕಾಲುಗಡೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಎರಡು ಚಮಚೆ ಸಾರು ಹೋಗೂದ್ರಾಗ ಸಾಕಂತಾಳ. ಡಾಕ್ಟರು ಹೇಳಿದಷ್ಟು ಸೇರಬೇಕಂದ್ರ ಒಂದು ಬೋಗುಣಿ ಬ್ಯಾಳಿ ಉಣ್ಣಬೇಕಾಗತೈತಿ," ಎಂದ ಜಿನೇಶ.

"ಬನಹಟ್ಟಿಯೊಳಗ ಜಿಮ್ ಐತಲ್ಲೋ ತಮ್ಮಾ," ಎಂದ ಪಕ್ಕದ ಮನೆಯ ಬಂಡು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ತಾನು ಬಾಗಿಲಲ್ಲೇ ನಿಂತು ಉಳಿದವರನ್ನು ಮುಂದೆ ಮುಂದೆ ಕಳಿಸುವ ಚಟ ಹಾಗೇ ಉಳಿದಿತ್ತು. "ಪೈಲವಾನ್ರು ತಿನ್ನೂದು ಅದನ್ನ. ಹೋಗು, ಹತ್ತರ ಬಸ್ಸಿಗಿ ಹೋಗು. ತಗೊಳ್ಳೂಕಿಂತ ಮೊದಲ ವಿಡಿಯೋ ಹಚ್ಚು. ನಾವೂ ಒಂದ್ಸಲ ನೋಡತೀವಿ."

ಬನಹಟ್ಟಿಯ ಜಿಮ್ಮಿನ ಗೌರೀಶನ ತೋಳು ಜಿನೇಶನ ತೊಡೆಯಷ್ಟಿತ್ತು. ಹೊರಗೆ ಜಿಟಿಜಿಟಿ ಮಳೆ. ಒಳಗೆ ಒದ್ದೆ ಕೊಡೆ ಹಿಡಿದು ನಿಂತ ಜಿನೇಶ ತಾನೇ ಕೊಡೆಯ ಕಡ್ಡಿಯಂತೆ ಕಾಣುತ್ತಿದ್ದ.

"ಯಾರಿಗ್ರಿ ಸರ?"

"ನಮ್ಮ ಅವ್ವಗ."

"ವಯಸ್ಸು?"

"ಎಪ್ಪತ್ತೆರಡು."

ಗೌರೀಶ ಗಂಭೀರವಾಗಿ ಯೋಚಿಸಿದ. "ಮುಂಜಾನಿ ಬ್ಯಾಚಿಗೆ ಬರತಾರೋ, ಸಂಜಿ ಬ್ಯಾಚಿಗೋ?"

ಜಿನೇಶ ಎಲ್ಲವನ್ನೂ ವಿವರಿಸಿದ. ಗೌರೀಶನಿಗೆ ಮರುಕವಾಯಿತು. ಮೇಲಿನ ಹಲಗೆಯಿಂದ ಕೊಡಪಾನದಂಥ ಡಬ್ಬಿಯೊಂದನ್ನು ಇಳಿಸಿದ. "ಇದರಾಗ ಹಾಲಿನ ಹನಿ ಇಲ್ಲರಿ. ನಮ್ಮ ಹುಡುಗೂರು ಇದನ್ನ ಕುಡದು ಒಂದು ತಿಂಗಳದಾಗ ಅಂಗಿ ಹರಕೊಂಡಾರ."

ಜಿನೇಶ ಮನೆಗೆ ವಿಡಿಯೋ ಕರೆ ಹಚ್ಚಿದ. ಪರದೆಯಲ್ಲಿ ಅವ್ವ, ಅವಳ ಭುಜದ ಮೇಲೆ ಮಹಾದೇವಿ, ಅವಳ ಮೇಲೆ ಬಂಡು, ಗುಂಪಿನ ಫೋಟೋ ತೆಗೆಸಿಕೊಳ್ಳುವವರಂತೆ ಮೂಡಿದರು.

"ಹೊಳ್ಳಸು ಡಬ್ಬಿ," ಎಂದಳು ಅವ್ವ. "ಓದು."

ಜಿನೇಶ ಓದತೊಡಗಿದ. ಮೊದಲ ಸಾಲಿನಲ್ಲೇ ಅವನ ನಾಲಿಗೆ ತೊಡರಿತು. ಹಾಲಿನ ಹನಿ ಇಲ್ಲದ್ದು ಖರೆ; ಇದ್ದದ್ದು ಮೊಟ್ಟೆಯ ಬಿಳಿ.

ಕಸ್ತೂರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತ ಫೋನು ಯಾರದೋ ಕೈಯಿಂದ ಜಾರಿ, ಹತ್ತು ನಿಮಿಷ ಜಿನೇಶನಿಗೆ ತನ್ನ ಮನೆಯ ಜಂತಿಗಳು ಮಾತ್ರ ಕಂಡವು. "ಡಬ್ಬಿ ಮುಟ್ಟಿದ ಕೈ ತೊಳಕೋ ಅನ್ನವ್ವ ಅವಗ," ಎಂಬ ಮಾತು ಎಲ್ಲಿಂದಲೋ ಕೇಳಿಸಿತು.

ಅದೇ ಬೀದಿಯ ಔಷಧದಂಗಡಿಯಲ್ಲಿ ಬಟಾಣಿಯಿಂದ ಮಾಡಿದ ಪುಡಿಯಿತ್ತು. ಹಾಲಿಲ್ಲ, ಮೊಟ್ಟೆಯಿಲ್ಲ. ಜಿನೇಶನಿಗೆ ಜೀವ ಬಂದಂತಾಯಿತು. ಆದರೆ ಅದು ಸ್ಟ್ರಾಬೆರಿ ರುಚಿಯದು, ಬಣ್ಣಕ್ಕೆ ಬೀಟರೂಟ್ ಹಾಕಿದ್ದರು.

"ಬೀಟರೂಟ್ ಎಲ್ಲಿ ಬೆಳೀತೈತಿ?" ಎಂದು ಕೇಳಿದಳು ಅವ್ವ, ಪರೀಕ್ಷೆ ಮಾಡುವವಳಂತೆ.

"ನೆಲದಾಗ," ಎಂದ ಜಿನೇಶ.

"ಹಂಗಾರ ಇಟ್ಟು ಬಾ."

ಗಡ್ಡೆಯ ಪದಾರ್ಥ ಅವರ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಅವನು ಮಹಾಲಿಂಗಪುರದ ಬಸ್ಸು ಹತ್ತಿದ. ಅಲ್ಲಿನ ಅಂಗಡಿಯಲ್ಲಿ ಸಿಕ್ಕಿದ್ದು ಮೊಳಕೆ ಬರಿಸಿದ ಕಾಳಿನ ಪುಡಿ. "ಮೊಳಕಿ ಬಂತಂದ್ರ ಅದಕ್ಕ ಜೀವ ಬಂತಲ್ಲೋ," ಎಂದಳು ಅವ್ವ. ಈ ಸಲ ಮಾತು ಮುಕ್ಕಾಲು ತಾಸು ನಡೆಯಿತು, ಏಕೆಂದರೆ ಮೊಳಕೆ ಎಷ್ಟು ಉದ್ದ ಬಂದರೆ ಜೀವ ಎಂಬುದರ ಮೇಲೆ ಮಹಾದೇವಿಗೂ ಬಂಡುವಿಗೂ ವಾದ ಬಿತ್ತು. ನಡುನಡುವೆ ಬಂಡು, "ತಮ್ಮಾ, ಡಬ್ಬಿ ಸ್ವಲ್ಪ ಎಡಕ್ಕ... ಸಾಕ್ ಸಾಕ್... ತಯಾರ ಮಾಡಿದ ತಾರೀಕು ತೋರಿಸು," ಎನ್ನುತ್ತಿದ್ದ. ತೋರಿಸುತ್ತ ತೋರಿಸುತ್ತಿದ್ದಂತೆ ಜಿನೇಶನ ಫೋನು ಒಮ್ಮೆ ಕುಂಯ್ ಎಂದು ಪ್ರಾಣ ಬಿಟ್ಟಿತು.

ಅಂಗಡಿಯವನೇ ಕನಿಕರಪಟ್ಟು ಮುಧೋಳದ ದೊಡ್ಡ ಅಂಗಡಿಯೊಂದಕ್ಕೆ ಫೋನು ಮಾಡಿ ಕೇಳಿದ. ಅಲ್ಲಿ ಒಂದೇ ಒಂದು ಡಬ್ಬಿ ಇದೆ, ಬಣ್ಣ ರುಚಿ ಏನೂ ಇಲ್ಲದ್ದು. ಅದು ಹೋದರೆ ಮುಂದಿನದು ಬರಲು ಹತ್ತು ದಿನ. ಜಿನೇಶ ಹಸಿದ ಹೊಟ್ಟೆಯಲ್ಲೇ ಮುಧೋಳಕ್ಕೆ ಹೋದ.

ಮುಧೋಳದಲ್ಲಿ ಮಳೆ ಜೋರಾಗಿತ್ತು, ಕರೆಂಟ್ ಇರಲಿಲ್ಲ. ಅಂಗಡಿಯ ಪ್ರಣೀತಾ ಎಂಬ ಹುಡುಗಿ ಟಾರ್ಚು ಹಿಡಿದು ಡಬ್ಬಿಯ ಬೆನ್ನು ಓದಿದಳು.

"ಬಟಾಣಿ."

"ಮತ್ತ?"

"ಮತ್ತೇನಿಲ್ಲರಿ. ಬಟಾಣಿ ಅಷ್ಟ."

"ಮೊಳಕಿ ಬರಿಸಿದ್ದೇನು?"

"ಇಲ್ಲರಿ."

"ಹಾಲಿನ ಪುಡಿ ಮಾಡೂ ಕಾರ್ಖಾನ್ಯಾಗ ಮಾಡ್ಯಾರೇನು?"

ಪ್ರಣೀತಾ ಟಾರ್ಚನ್ನು ಡಬ್ಬಿಯಿಂದ ಅವನ ಮುಖಕ್ಕೆ ತಿರುಗಿಸಿದಳು. "ಇಲ್ಲಂತ ಬರದಾರ. ಇಷ್ಟು ಕೇಳಿ ಒಯ್ದವ್ರು ನೀವ ಮೊದಲರಿ. ಉಳದವ್ರೆಲ್ಲಾ ಡಬ್ಬಿ ಮ್ಯಾಲಿನ ಪೈಲವಾನನ ತೋಳು ನೋಡಿ ಒಯ್ತಾರ. ಮನ್ಯಾಗ ಕೇಳೂದಿದ್ರ ನನ್ನ ಫೋನ್ ತಗೋರಿ."

ಜಿನೇಶ ಫೋನಿನತ್ತ ಕೈ ಚಾಚಿದ. ಚಾಚಿದವನಿಗೆ ಮಂಚದ ಸುತ್ತಲಿನ ಮೂರು ಮುಖಗಳು ನೆನಪಾದವು. ಈ ಡಬ್ಬಿಗೂ ಅವರು ಏನಾದರೊಂದು ಹುಡುಕಿಯಾರು. ಮುಚ್ಚಳದ ಬಣ್ಣವಾದರೂ ಸರಿ, ಬಿಟ್ಟಾರೆಯೇ? ಅವನು ಕೈ ಹಿಂದಕ್ಕೆಳೆದುಕೊಂಡ. "ಬ್ಯಾಡ ಬಿಡ್ರಿ. ಹೋಗಿ ಕುಡಿಸೇ ಬಿಡತೀನಿ," ಎಂದ. ಸತ್ತ ಫೋನು ಕಿಸೆಯಲ್ಲಿ ಎಷ್ಟು ಹಗುರವೆಂದು ಅವನಿಗೆ ಅಂದೇ ಗೊತ್ತಾದದ್ದು.

ತಿರುಗಿ ಬರುವಾಗ ಘಟಪ್ರಭೆಯ ಸೇತುವೆಯ ಮೇಲೆ ಬಸ್ಸು ನಿಂತಿತು. ನೀರು ಸೇತುವೆಗೆ ಬಂದಿರಲಿಲ್ಲ. ನೀರು ಬಂತೇನೆಂದು ನೋಡಲು ಬಂದ ಜನ ಬಂದಿದ್ದರು. ಬೈಕು, ಟಂಟಂ, ಹೆಂಡತಿ ಮಕ್ಕಳು, ಗಿರ್ಮಿಟ್ ಮಾರುವ ಗಾಡಿ. ಒಬ್ಬ ಪೊಲೀಸ ಸೀಟಿ ಊದಿ ಊದಿ ಸೋತು, ತಾನೂ ಕಟ್ಟೆಗೆ ಬಾಗಿ ನೀರು ನೋಡುತ್ತಿದ್ದ. ಬಸ್ಸು ಒಂದೂವರೆ ತಾಸು ಅಲ್ಲೇ ನಿಂತಿತು. ಜಿನೇಶ ಡಬ್ಬಿಯನ್ನು ಕೂಸಿನಂತೆ ಎದೆಗೊತ್ತಿಕೊಂಡು ಮೋಡದ ಹಿಂದೆ ಸೂರ್ಯ ಎಲ್ಲಿಗೆ ಬಂದನೆಂದು ಕಿಟಕಿಯಿಂದ ಹುಡುಕುತ್ತಿದ್ದ.

ತೇರದಾಳದಲ್ಲಿ ಬಸ್ಸಿಳಿದಾಗ ಪಡುವಣ ಮೋಡ ಹರಿದು ಕೆಂಪು ಸೂರ್ಯ ಕಾಣುತ್ತಿದ್ದ. ಇನ್ನು ಹದಿನೈದು ನಿಮಿಷವೂ ಇಲ್ಲ. ನಲವತ್ತೆರಡರ ಜಿನೇಶ ಓಡಿದ. ಚಪ್ಪಲಿ ಒಂದು ಕಡೆ ಕೆಸರಲ್ಲಿ ಕಚ್ಚಿ ಉಳಿಯಿತು, ಹಿಂದಿರುಗಿ ನೋಡಲಿಲ್ಲ. ಮನೆಯ ಮುಂದೆ ಬಂದವನೇ ಗಕ್ಕನೆ ನಿಂತ. ಬಾಗಿಲ ಹೊರಗೆ ಹತ್ತಿಪ್ಪತ್ತು ಜೊತೆ ಚಪ್ಪಲಿ. ಒಳಗಿಂದ ಹೆಂಗಸರ ಅಳು.

ಅವನ ಕೈಯಿಂದ ಡಬ್ಬಿ ಜಾರುವುದರಲ್ಲಿತ್ತು. ಅಷ್ಟರಲ್ಲಿ ಮಹಾದೇವಿ ಹೊರಗೆ ಇಣುಕಿ, "ಬಂದ್ನ! ಯವ್ವಾ, ಬಂದ್ನ ನೋಡ ನಿನ್ನ ಮಗ!" ಎಂದು ಕೂಗಿದಳು.

ಓಣಿಯವರೆಲ್ಲ ಒಳಗಿದ್ದರು. ಕಸ್ತೂರೆವ್ವ ದಿಂಬಿಗೆ ಒರಗಿ ಅಳುತ್ತಿದ್ದವಳು ಮಗನನ್ನು ಕಂಡು ಇನ್ನಷ್ಟು ಅತ್ತಳು. ಆಗಿದ್ದಿಷ್ಟು: ಫೋನು ಹತ್ತದಾದಾಗ ಬಂಡು ಮಹಾಲಿಂಗಪುರದ ಅಂಗಡಿಯನ್ನು ಹುಡುಕಿ ಮಾತಾಡಿಸಿ, ಜಿನೇಶ ಮುಧೋಳಕ್ಕೆ ಹೋದದ್ದನ್ನು ತಿಳಿದುಕೊಂಡ. ಆಮೇಲೆ ತನ್ನ ಫೋನಿಗೆ ಬಂದ ವಿಡಿಯೋ ಒಂದನ್ನು ತೋರಿಸಿದ. ಅದರಲ್ಲಿ ಹೊಳೆಯ ನೀರು ಸೇತುವೆಯ ಮೇಲೆ ಹರಿದು ಬಸ್ಸೊಂದು ಅರ್ಧ ಮುಳುಗಿ ನಿಂತಿತ್ತು.

"ಕಾಕಾ, ಅದು ಯಾವ ವರ್ಷದ ವಿಡಿಯೋ?" ಎಂದ ಜಿನೇಶ, ಏದುಸಿರು ಬಿಡುತ್ತ.

"ವರ್ಷ ಬರದಿಲ್ಲೋ ಅದರ ಮ್ಯಾಲ," ಎಂದ ಬಂಡು. "ನಾ ಏನು ನೀ ಹೋದಿ ಅಂದಿಲ್ಲ. ಹಿಂಗ ಐತಿ ನೋಡ್ರಿ ಅಂತ ತೋರಿಸೀನಿ ಅಷ್ಟ."

ಜಗಳಕ್ಕೆ ಹೊತ್ತಿರಲಿಲ್ಲ. ಪ್ರಾಚಿ ಸೋಸಿದ ನೀರಲ್ಲಿ ಪುಡಿ ಕಲಸಿ ತಂದಳು. ಕಿಟಕಿಯ ಸರಳಿನಲ್ಲಿ ಸೂರ್ಯ ಇನ್ನೂ ಒಂದು ಬೆರಳು ಇದ್ದ. ಜಿನೇಶ ಲೋಟವನ್ನು ಅವ್ವನ ಕೈಗಿಟ್ಟ. ಅವಳು ಮಗನ ಕೆಸರುಗಾಲು ನೋಡಿದಳು, ಬಾಡಿದ ಮುಖ ನೋಡಿದಳು. ಲೋಟ ಎತ್ತಿದಳು. ತುಟಿಯ ಹತ್ತಿರ ತಂದಳು. ಓಣಿಯವರೆಲ್ಲ ಕತ್ತು ಚಾಚಿದರು.

"ಏನಿಂದಪಾ ಇದು?"

"ಬಟಾಣಿ, ಅವ್ವಾ," ಎಂದ ಜಿನೇಶ. ಇಡೀ ದಿನದಲ್ಲಿ ಅವನ ದನಿ ನೆಟ್ಟಗೆ ನಿಂತದ್ದು ಅದೊಂದೇ ಸಲ. "ಬರೇ ಬಟಾಣಿ. ಹಾಲಿಲ್ಲ, ಗಡ್ಡಿ ಇಲ್ಲ, ಮೊಳಕಿ ಇಲ್ಲ."

ಕಸ್ತೂರೆವ್ವ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾಕವ್ವಾ?"

"ಆ ಬಸ್ಸು ನೋಡಿ ನನ್ನ ಜೀವ ನಿಲ್ಲಲಿಲ್ಲಪಾ. ಸ್ವಾಮಿ ಮುಂದ ಕೈ ಮುಗದು ನೇಮ ಹಿಡದೆ. ನನ್ನ ಮಗ ಹೊತ್ತು ಮುಣಗೂದ್ರಾಗ ಮನಿ ಮುಟ್ಟಿದ್ರ, ದೀಪಾವಳಿ ಮಟಾ ಎರಡು ಬ್ಯಾಳಿ ಆಗೂ ಯಾವ ಕಾಳೂ ಬಾಯಾಗ ಹಾಕೂದಿಲ್ಲಂತ. ತೊಗರಿ, ಕಡ್ಲಿ, ಹೆಸರು, ಶೇಂಗಾ..."

"ಬಟಾಣಿ," ಎಂದು ಮಹಾದೇವಿ ಕೂಡಿಸಿದಳು.

ಜಿನೇಶ ಕಿಟಕಿಯತ್ತ ನೋಡಿದ. ಸೂರ್ಯ ಈಗ ಇಳಿಯುತ್ತಿದ್ದ. ನಿಧಾನವಾಗಿ ನಡೆದು ಬಂದಿದ್ದರೆ ಹೊತ್ತು ಮುಳುಗಿರುತ್ತಿತ್ತು. ನೇಮ ತಾನಾಗಿ ಬಿದ್ದುಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಲೋಟ ಕುಡಿಸಬಹುದಿತ್ತು. ಅವನು ಓಡಿ ಬಂದಿದ್ದ.

"ಹೋಗ್ರಿ, ಮುಂದ ಹೋಗ್ರಿ," ಎನ್ನುತ್ತ ಬಂಡು ಎಲ್ಲರಿಗಿಂತ ಮೊದಲು ಹೊರಬಿದ್ದ. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಕರಗಿದರು. ಜಿನೇಶ ಮಂಚದ ಪಕ್ಕ ನೆಲಕ್ಕೆ ಕುಸಿದು ಕೂತ.

"ಅವ್ವಾ, ಸೋಮವಾರ ಮತ್ತ ಕೊಯ್ತಾರಬೇ."

ಕಸ್ತೂರೆವ್ವ ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ತೂಕವೇ ಇರಲಿಲ್ಲ. "ಕೊಯ್ಲಿ ಬಿಡು. ನೀ ಬಂದೆಲ್ಲ, ಅಷ್ಟ ಸಾಕು ನನಗ." ಆಮೇಲೆ ಏನೋ ನೆನಪಾದವಳಂತೆ ಕೇಳಿದಳು. "ಆಪರೇಷನ್ ಸುಸೂತ್ರ ಆಗಲಂತ ಏನರ ಬಿಡಬೇಕಲ್ಲೋ ಮತ್ತ. ನನಗೀಗ ನೆನಪ ಹಾರತಾವ. ನಾ ತಿನ್ನೂದ್ರಾಗ ಇನ್ನೇನ ಉಳದೈತಿ?"

ಜಿನೇಶ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನು. ಕೇಳಿದ್ದಕ್ಕೆ ಕೇಳಿದಷ್ಟು ಉತ್ತರ ಕೊಡುವುದು ಮೈಗೆ ಹತ್ತಿಹೋಗಿತ್ತು.

"ರೊಟ್ಟಿ," ಎಂದ.

ಎಂದವನು ನಾಲಿಗೆ ಕಚ್ಚಿಕೊಂಡು ತಲೆ ಎತ್ತಿದ. ಕಸ್ತೂರೆವ್ವ ಆಗಲೇ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು.