ಜೈಲು ಸಿಗದ ಶಿವಪುತ್ರಪ್ಪ

"ನಾಳೆ ಹೊತ್ತು ಮುಳುಗೂದ್ರಾಗ ನಾ ಯರವಡಾ ಜೈಲಿನ್ಯಾಗ ಇರದಿದ್ರ, ನನ್ನ ಹೆಸರು ಶಿವಪುತ್ರಪ್ಪನಽ ಅಲ್ಲ!"

ಪುಣೆಯ ಭವಾನಿ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುತ್ತಿದ್ದ ಶಿವಪುತ್ರಪ್ಪ ಹೀಗೆ ಘೋಷಿಸಿದ್ದು ೧೯೩೦ರ ಮೇ ತಿಂಗಳಲ್ಲಿ, ಉಪ್ಪಿನ ಸತ್ಯಾಗ್ರಹದ ಬಿಸಿ ಊರನ್ನೆಲ್ಲ ಹೊಕ್ಕಿದ್ದಾಗ, ಊಟದ ತಾಟಿನ ಮುಂದೆ ಕುಳಿತು. ಹೆಂಡತಿ ಶಿವಗಂಗವ್ವ ತಾಟಿಗೆ ಮೂರನೆಯ ರೊಟ್ಟಿ ಹಾಕಿದಳು.

"ಹಂಗಾರ ನಾಳೆ ಸಂಜೀಕ ನಿಮಗ ಅಡಗಿ ಮಾಡ್ಲ್ಯೋ ಬ್ಯಾಡೋ?"

"ಬ್ಯಾಡ! ಸರಕಾರದವರು ಹಾಕ್ತಾರ."

ಈ ಶಪಥಕ್ಕೆ ಕಾರಣ ಅವರಿದ್ದ ವಾಡೆಯಲ್ಲೇ, ಒಂದೇ ಅಂಗಳದ ಆ ವಠಾರದಲ್ಲೇ, ಎದುರುಮನೆಯಲ್ಲಿದ್ದ ಅಪ್ಪಾಸಾಹೇಬ. ಆತ ಬೆಳಗಾವಿ ಕಡೆಯ ಗುಮಾಸ್ತ. ಗಾಳಿ ಬೀಸಿದರೆ ಗೋಡೆ ಹಿಡಿದುಕೊಳ್ಳುವ ಸಣಕಲ ಆಸಾಮಿ. ಅಂಥವನನ್ನು ಬೆಳಿಗ್ಗೆ ಪೊಲೀಸರು ಕಾನೂನು ಮುರಿದು ಉಪ್ಪು ಮಾರಿದ್ದಕ್ಕೆ ಹಿಡಿದೊಯ್ದಿದ್ದರು. ಮೂಗಿನ ಮಟ ಹಾರ, ಓಣಿ ತುಂಬ ಜಯಕಾರ! ಅಪ್ಪಾಸಾಹೇಬನಿಗೆ ಸಿಕ್ಕ ಜೈಲು ತನಗೆ ಸಿಗದಿರಲು ಸಾಧ್ಯವೇ ಎಂದು ಶಿವಪುತ್ರಪ್ಪನಿಗೆ ಅನಿಸಿತು. ಐವತ್ತು ವರ್ಷ ಮೆಣಸಿನಕಾಯಿ ತೂಗುವುದರಲ್ಲೇ ಕಳೆದಿದ್ದವು. ಒಮ್ಮೆಯಾದರೂ ದೇಶದ ತಕ್ಕಡಿಯಲ್ಲಿ ತಾನೇ ಕುಳಿತು ತೂಗಬೇಕು ಎಂಬ ಆಸೆ ಆತನಿಗೆ ನಿಜವಾಗಿಯೂ ಇತ್ತು.

ಮರುದಿನ ವಾಡೆಯೇ ಅಂಗಳಕ್ಕೆ ಇಳಿಯಿತು. ಆರತಿ ಆಯಿತು, ಹಾರ ಬಿತ್ತು. ಶಿವಗಂಗವ್ವ ಎರಡು ಧೋತರ, ವಿಭೂತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಶಿವಪುತ್ರಪ್ಪ ಕೊಂಕಣದಿಂದ ಗುಟ್ಟಾಗಿ ಬಂದಿದ್ದ ಒಂದು ಚೀಲ ಉಪ್ಪು ಹೊರಿಸಿಕೊಂಡು ಹೋಗಿ ಕಾಯಿಪಲ್ಯೆ ಪೇಟೆಯಲ್ಲಿ ಕುಳಿತ.

ಆದರೆ ವ್ಯಾಪಾರಿಯ ನಾಲಿಗೆ ಸುಮ್ಮನಿರುತ್ತದೆಯೇ? "ಮಲ್ಲಿಗಿ ಹೂವಿನಂಥಾ ಉಪ್ಪು! ಸರಕಾರ ಮುಟ್ಟದ ಉಪ್ಪು!" ಎಂದು ಮರಾಠಿಯಲ್ಲಿ ಕೂಗಿದ ಕೂಗಿಗೆ ಗಿರಾಕಿಗಳು ಮುತ್ತಿದರು. ಪೊಲೀಸ್ ಜಮಾದಾರ ಬರುವಷ್ಟರಲ್ಲಿ ಚೀಲ ಬರಿದಾಗಿತ್ತು.

"ಮಾಲ್ ಕುಠೆ?" ಮಾಲು ಎಲ್ಲಿ ಎಂದು ಜಮಾದಾರ ಚೀಲ ಝಾಡಿಸಿ ಕೇಳಿದ.

"ಖಲಾಸ್!" ಎಂದ ಶಿವಪುತ್ರಪ್ಪ. ಆ ಗಳಿಗೆಯಲ್ಲೂ ಹೆಮ್ಮೆ ತಡೆಯಲಾಗಲಿಲ್ಲ.

ಮಾಲಿಲ್ಲದೆ ಗುನ್ಹೆ ಇಲ್ಲ, ಶೇಟಜೀ ಮನೆಗೆ ಹೋಗಬೇಕು ಎಂದು ಜಮಾದಾರ ಕೈಮುಗಿದ. ಉಪ್ಪು ತಿಂದವ ನೀರು ಕುಡಿಯಬೇಕು ಎಂಬ ಗಾದೆ ಇದೆ. ಉಪ್ಪು ಮಾರಿ ಮುಗಿಸಿದವ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ. ಶಿವಪುತ್ರಪ್ಪ ಗಂಟು ಬಗಲಲ್ಲಿಟ್ಟುಕೊಂಡು ಮನೆಗೆ ಬಂದ.

"ಯಾಕ, ಓಡಿ ಬಂದ್ರೇನು?" ಶಿವಗಂಗವ್ವ ಬಾಗಿಲಲ್ಲೇ ಕೇಳಿದಳು.

"ಬಿಟ್ರು."

"ಹಿಡೀದಽನ ಹೆಂಗ ಬಿಟ್ರು?"

ಅಂದು ಸಂಜೆ ಆತನಿಗೆ ಸಿಕ್ಕಿದ್ದು ಚುರುಮರಿ.

ಎರಡನೆಯ ದಿನ ವಿದೇಶಿ ಬಟ್ಟೆಯಂಗಡಿಯ ಮುಂದೆ ಇಪ್ಪತ್ತು ಜನ ಅಡ್ಡ ಮಲಗಿದರು. ಶಿವಪುತ್ರಪ್ಪನೂ ಮಲಗಿದ. ಪೊಲೀಸರು ಒಬ್ಬೊಬ್ಬರನ್ನೇ ಎತ್ತಿ ಲಾರಿಗೆ ಹಾಕುತ್ತ ಬಂದರು. ಶಿವಪುತ್ರಪ್ಪನ ಸರದಿ ಬಂದಾಗ ನಾಲ್ವರು ಬಗ್ಗಿದರು, ಎತ್ತಿದರು, ಒಬ್ಬರ ಮುಖ ಒಬ್ಬರು ನೋಡಿದರು, ಮೆಲ್ಲಗೆ ಕೆಳಗಿಟ್ಟರು. ಅದೇ ಜಮಾದಾರ ಓಡಿಬಂದ. ಶೇಟಜೀಗೆ ಬಿಸಿಲು ಬಡಿದೀತೆಂದು ಮರುಗಿ, ಕೈಹಿಡಿದು ಎಬ್ಬಿಸಿ, ಬೇವಿನ ಮರದ ನೆರಳಿಗೆ ಕರೆದೊಯ್ದು ನೀರು ಕುಡಿಸಿದ. ನೆರಳು ತಂಪಾಗಿತ್ತು. ಶಿವಪುತ್ರಪ್ಪನಿಗೆ ಎಚ್ಚರವಾದಾಗ ಲಾರಿ ಹೋಗಿ ಎರಡು ತಾಸಾಗಿತ್ತು.

"ಇವತ್ತೇನಾತು?" ಎಂದಳು ಶಿವಗಂಗವ್ವ.

"ಎತ್ತಾಕ ಆಗಲಿಲ್ಲ ಅವರಿಗೆ."

"ತುಪ್ಪ ಕಡಿಮಿ ಮಾಡ್ರಿ ಅಂತ ವರ್ಷಾ ಆತು ಹೇಳಾಕತ್ತು. ನೀವೆಲ್ಲೆ ಕೇಳ್ತೀರಿ!"

ಮೂರನೆಯ ದಿನ ಯಾರನ್ನೂ ನಂಬುವುದು ಬೇಡವೆಂದು ಶಿವಪುತ್ರಪ್ಪ ತಾನೇ ಪೊಲೀಸ್ ಲಾರಿ ಹತ್ತಿ ಕುಳಿತ. ಹಿಡಿದವರ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರು, ಲಾರಿಯಲ್ಲಿ ಇಪ್ಪತ್ಮೂರು ತಲೆ. ಮೂರು ಸಲ ಎಣಿಸಿದರು. ಉಸ್ತುವಾರಿಗೆ ಬಂದಿದ್ದ ಗೋರಾ ಸಾಹೇಬನ ಬಿಳಿ ಮುಖ ಮೆಣಸಿನಕಾಯಿಯಾಯಿತು. ಕೊನೆಗೆ ಜಮಾದಾರನ ಕಣ್ಣು ಮೂಲೆಗೆ ಬಿತ್ತು.

"ಶೇಟಜೀ, ಇಳೀರಿ" ಎಂದು ಮರಾಠಿಯಲ್ಲಿ ಬೇಡಿಕೊಂಡ.

"ಇಳಿಯಂಗಿಲ್ಲ! ನನ್ನ ಹೆಸರು ಬರಕೋರಿ!"

"ಏನು ಗುನ್ಹೆ ಅಂತ ಬರೀಲಿ?"

"ಲಾರಿ ಹತ್ತೇನಲ್ಲ!"

ಟಿಕೀಟಿಲ್ಲದೆ ಹತ್ತಿದರೆ ಗುನ್ಹೆಯಾಗುವುದು ರೈಲಿನಲ್ಲಿ ಮಾತ್ರ ಎಂದು ಜಮಾದಾರ ತಿಳಿಯಹೇಳಿದ. ಲಾರಿಯಲ್ಲಿದ್ದ ಇಪ್ಪತ್ತೆರಡೂ ಜನ ಸೇರಿ ಶಿವಪುತ್ರಪ್ಪನನ್ನು ಜೋಪಾನವಾಗಿ ಇಳಿಸಿಕೊಟ್ಟರು.

ಅಂದು ಅಂಗಳದಲ್ಲಿ ಅಪ್ಪಾಸಾಹೇಬನ ಹೆಂಡತಿ ಗೌರಾಬಾಯಿ ಎದುರಾದಳು. ಪಾಪ, ಒಳಗೊಂದು ಹೊರಗೊಂದು ಇಲ್ಲದ ಹೆಂಗಸು.

"ನಿಮಗ ಜೈಲಿನ್ಯಾಗ ನಮ್ಮವರು ಭೆಟ್ಟಿ ಆಗಿದ್ರೇನ್ರಿ? ಕೆಮ್ಮು ಹೆಂಗದಂತ?"

"ಇನ್ನೂ ಆಗಿಲ್ಲರಿ" ಎಂದ ಶಿವಪುತ್ರಪ್ಪ. ಅಂದು ಚುರುಮರಿಯನ್ನೂ ಮುಟ್ಟದೆ ಮಲಗಿದ.

ನಾಲ್ಕನೆಯ ದಿನ ಆರತಿಯೂ ಇಲ್ಲ, ಹಾರವೂ ಇಲ್ಲ. ಏನೂ ತಿನ್ನದೆ ಹಿತ್ತಲ ಬಾಗಿಲಿಂದ ಹೊರಬಿದ್ದ. ಎಷ್ಟೆಂದರೂ ಹೆಂಡತಿಯ ಕರುಳು. ಮಧ್ಯಾಹ್ನ ಶಿವಗಂಗವ್ವ ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹುಡುಕುತ್ತ ಹೊರಟಳು. ಹೆಂಡದಂಗಡಿಯ ಮುಂದೆ ಧರಣಿ ನಡೆದಿತ್ತು. ಗುಂಪಿನ ಅಂಚಿನಲ್ಲಿ, ಉರಿಬಿಸಿಲಿನಲ್ಲಿ, ತನ್ನನ್ನು ಯಾರೂ ಕೇಳದ ಜಾಗದಲ್ಲಿ ಗಂಡ ನಿಂತಿದ್ದ. ನಾಲ್ಕು ದಿನಗಳಿಂದ ನಕ್ಕು ಬಿಡುತ್ತಿದ್ದವಳು ಆ ಮುಖ ನೋಡಿದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನೆಟ್ಟಗೆ ಜಮಾದಾರನ ಮುಂದೆ ಹೋಗಿ ನಿಂತಳು.

"ಊರಾಗಿನ ಮಂದೀನೆಲ್ಲಾ ಕರದು ಕರದು ಒಯ್ಯಾಕತ್ತೀರಿ. ನಮ್ಮವರೇನು ಪಾಪ ಮಾಡ್ಯಾರ? ಅವರಿಗೇನು ಕಡಿಮಿ ಅದ?"

ಕನ್ನಡ ತಿಳಿಯದ ಜಮಾದಾರ ಮುಗುಳ್ನಕ್ಕ. ಅಲ್ಲೇ ಅವನು ಎಡವಿದ್ದು.

"ನಗ್ತೀಯಾ? ಇವರನ್ನ ಹಿಡಿಯೂತನಕ ನಾ ಇಲ್ಲಿಂದ ಏಳಂಗಿಲ್ಲ!" ಎಂದವಳೇ ಹೆಂಡದಂಗಡಿಯ ಹೊಸ್ತಿಲ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತುಬಿಟ್ಟಳು.

ನೆರೆದವರಿಗೆ ತಿಳಿದದ್ದು ಇಷ್ಟೇ: ಕರ್ನಾಟಕದ ತಾಯಿಯೊಬ್ಬಳು ಹೆಂಡದ ವಿರುದ್ಧ ಗರ್ಜಿಸುತ್ತಿದ್ದಾಳೆ! ಹನ್ನೆರಡು ಹೆಂಗಸರು ಬಂದು ಅವಳ ಸುತ್ತ ಕುಳಿತರು. ಯಾರೋ ಕೈಗೆ ಬಾವುಟ ಕೊಟ್ಟರು, ಯಾರೋ ಕೊರಳಿಗೆ ಹಾರ ಹಾಕಿದರು. ಜಯಕಾರ ಮುಗಿಲು ಮುಟ್ಟಿತು. ಗೋರಾ ಸಾಹೇಬ ಬೆರಳು ಎತ್ತಿದ. ಹದಿಮೂರು ಹೆಂಗಸರೂ ಲಾರಿ ಹತ್ತಿದರು.

"ಅಕೀ ಸತ್ಯಾಗ್ರಹಿ ಅಲ್ಲರಿ!" ಶಿವಪುತ್ರಪ್ಪ ಲಾರಿಯ ಹಿಂದೆ ಓಡಿದ. "ಊಟಾ ಕೊಡಾಕ ಬಂದಾಕಿ! ಸತ್ಯಾಗ್ರಹಿ ನಾನು! ನನ್ನ ಒಯ್ಯಿರಿ!"

"ಶೇಟಜೀ, ಹೀ ಬಾಯಕಾಂಚೀ ಗಾಡೀ" ಎಂದ ಜಮಾದಾರ. ಹೆಂಗಸರ ಗಾಡಿ, ಗಂಡಸರನ್ನು ಹತ್ತಿಸುವಂತಿಲ್ಲ.

ಲಾರಿ ತಿರುವಿನಲ್ಲಿ ಮರೆಯಾಗುವ ಮುನ್ನ ಶಿವಗಂಗವ್ವ ಹಾರ ಸರಿಸಿಕೊಂಡು ಕೂಗಿದಳು: "ಹಿಟ್ಟು ದೊಡ್ಡ ಡಬ್ಬ್ಯಾಗ ಅದ! ನಳದ ನೀರು ಮುಂಜಾನೆ ಐದಕ್ಕ ಬರ್ತಾವ, ಲಗೂ ಏಳ್ರಿ!"

ಮ್ಯಾಜಿಸ್ಟ್ರೇಟರು ಅವಳಿಗೆ ಮೂರು ತಿಂಗಳು ಯರವಡಾ ಕೊಟ್ಟರು.

ಮರುದಿನ ಐದಕ್ಕೆ ಶಿವಪುತ್ರಪ್ಪ ಕೊಡ ಹಿಡಿದು ಅಂಗಳದ ನಳದ ಬಳಿ ಹೋದ. ವಾಡೆಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ತಲೆ ತಗ್ಗಿಸಿ ಎಲ್ಲರ ಹಿಂದೆ ನಿಂತುಕೊಂಡ. ಅವನನ್ನು ಕಂಡ ಗೌರಾಬಾಯಿ ತಾನು ನಳಕ್ಕೆ ಹಿಡಿದಿದ್ದ ಕೊಡವನ್ನು ಥಟ್ಟನೆ ಪಕ್ಕಕ್ಕೆ ಸರಿಸಿ, ಸೆರಗು ಹೊದ್ದುಕೊಂಡು, ತುಂಬು ಗೌರವದಿಂದ ಕರೆದಳು:

"ಮುಂದ ಬರ್ರಿ. ಜೈಲಿಗೆ ಹೋದವರ ಮನಿಯವರು ಪಾಳಿ ಕಾಯಬಾರದು."