ಅರ್ಧಣ್ಣನ ಅಧಿಕೃತ ಪರಾರಿ

ಸ್ಮೃತಿಹೀನ ಅರೆಯಂತ್ರ ಮಾನವರ ಸಂರಕ್ಷಣಾ ಕೇಂದ್ರದಿಂದ, ಅದು ಸ್ಥಾಪನೆಯಾದಂದಿನಿಂದ, ಒಬ್ಬರೂ ತಪ್ಪಿಸಿಕೊಂಡು ಹೋಗಿರಲಿಲ್ಲ. ಇದು ಕೇಂದ್ರಕ್ಕೆ ದೊಡ್ಡ ತಲೆನೋವಾಗಿತ್ತು.

ಕೇಂದ್ರದಲ್ಲಿ ಪರಾರಿ ತಡೆ ವಿಭಾಗ ಎಂಬುದೊಂದಿತ್ತು. ಅದಕ್ಕೊಬ್ಬ ಮುಖ್ಯಸ್ಥ, ಮುಖ್ಯಸ್ಥನಿಗೊಂದು ಜೀಪು, ಜೀಪಿಗೊಬ್ಬ ಚಾಲಕ, ಚಾಲಕ ರಜೆ ಹಾಕಿದರೆ ಇರಲಿ ಎಂದು ಇನ್ನೊಬ್ಬ ಚಾಲಕ. ಯಾರೂ ಪರಾರಿಯಾಗದ ಕಡೆ ತಡೆಯುವವರು ಯಾಕೆ ಎಂದು ಪ್ರಧಾನ ಕಚೇರಿ ಕೇಳಿತ್ತು. ತಡೆಯುವವರು ಇರುವುದರಿಂದಲೇ ಯಾರೂ ಪರಾರಿಯಾಗುತ್ತಿಲ್ಲ ಎಂದು ಕೇಂದ್ರ ಉತ್ತರ ಬರೆದಿತ್ತು. ಹಾಗಾದರೆ ಕೆಲಸ ಮುಗಿದಂತಾಯಿತಲ್ಲ, ವರ್ಷದ ಕೊನೆಗೆ ವಿಭಾಗ ಮುಚ್ಚಿಬಿಡಿ ಎಂದು ಪ್ರಧಾನ ಕಚೇರಿಯ ಮಾರುತ್ತರ ಬಂದಿತ್ತು. ಅಂದಿನಿಂದ ಅಧೀಕ್ಷಕಿ ಮೇಡಂಗೆ ಊಟ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಅರ್ಧಣ್ಣ ಗೇಟಿನ ಕಡೆಗೆ ಹೆಜ್ಜೆ ಹಾಕಿದ್ದು.

ಅರ್ಧಣ್ಣ ಎನ್ನುವುದು ಅವನ ಹೆಸರಲ್ಲ. ನಿಜವಾದ ಹೆಸರು ಅವನಿಗೂ ಗೊತ್ತಿರಲಿಲ್ಲ. ಎಡಗೈ, ಬಲಗಣ್ಣು ಮತ್ತು ಎರಡೂ ಮಂಡಿ ಯಂತ್ರದವು. ಉಳಿದದ್ದು ಅವನದೇ ಎಂದು ಭಾವಿಸಲಾಗಿತ್ತು. ಅವನನ್ನು ಜೋಡಿಸಿದ ಡಾಕ್ಟರು ವರ್ಗವಾಗಿ ಹೋಗಿದ್ದರು. ಹೋಗುವಾಗ ಮುಂದಿನವರಿಗೆ ವಹಿಸಿಕೊಟ್ಟ ಸಾಮಾನುಗಳಲ್ಲಿ ಮೇಜು, ಕುರ್ಚಿ, ಗೋಡೆ ಗಡಿಯಾರಗಳ ನಂತರ ಬರುವ 'ಇತರೆ' ಎಂಬಲ್ಲಿ ಅರ್ಧಣ್ಣ ಇದ್ದ. ಮಂಡಿ ಕೀರಲಿಟ್ಟಾಗ ಕೋಣೆಗಳ ಕಾವಲಿನ ಮುದುಕ ತನ್ನ ಮನೆಯ ಹೊಲಿಗೆ ಯಂತ್ರದ ಎಣ್ಣೆ ತಂದು ಹಚ್ಚುತ್ತಿದ್ದ. ಅರ್ಧಣ್ಣ ಅವನನ್ನು ಚಿಕ್ಕಪ್ಪ ಎಂದು ಕರೆಯುತ್ತಿದ್ದ. ನಿಜವಾದ ಚಿಕ್ಕಪ್ಪ ಯಾರಾದರೂ ಇದ್ದರೋ ಇಲ್ಲವೋ ತಿಳಿಯದವನಿಗೆ ಇದರಿಂದ ನಷ್ಟವೇನೂ ಇರಲಿಲ್ಲ.

ತಲೆಯೊಳಗೆ ಒಂದೇ ಒಂದು ಚೂರು ಮಾತ್ರ ಉಳಿದಿತ್ತು. ಯಾವುದೋ ಬಚ್ಚಲು, ಹಬೆ, ಒರಟು ಟವೆಲ್ಲು, ಒಬ್ಬ ಹೆಂಗಸಿನ ಕೈ. "ಕಿವಿ ಹಿಂದೆ ಯಾರು ಒರೆಸ್ತಾರೆ, ನಿಮ್ಮಜ್ಜ ಬರ್ತಾರಾ?" ಎನ್ನುವ ದನಿ. ಅಮ್ಮನೋ ಅಕ್ಕನೋ ಗೊತ್ತಿಲ್ಲ. ಮುಖವಿಲ್ಲ, ಮನೆಯಿಲ್ಲ, ಊರಿಲ್ಲ. ಆದರೂ ಇಡೀ ಕೇಂದ್ರದಲ್ಲಿ ಅವನದು ಎನ್ನಬಹುದಾದ ಸ್ವತ್ತು ಅದೊಂದೇ. ದಿನಕ್ಕೊಂದು ಸಲ ಅದನ್ನು ಹೊರತೆಗೆದು ನೋಡಿ ಮತ್ತೆ ಜೋಪಾನವಾಗಿ ಇಡುತ್ತಿದ್ದ.

ಅದಕ್ಕೇ ಈಗ ಕುತ್ತು ಬಂದಿತ್ತು. ಮುಂದಿನ ಸೋಮವಾರ ಅವನಿಗೆ ನೆನಪು ಭರ್ತಿ ಮಾಡುವುದೆಂದು ತೀರ್ಮಾನವಾಗಿತ್ತು. ಭರ್ತಿಗೆ ಮುಂಚೆ ತಲೆಯನ್ನು ಪೂರ್ತಿ ತೊಳೆಯಬೇಕು. ಹಳೆಯದರ ಮೇಲೆ ಹೊಸದು ಕೂರುವುದಿಲ್ಲ. ಹೊಸದನ್ನು ಅತಿ ಕಡಿಮೆ ದರ ನಮೂದಿಸಿದವರಿಂದ ಖರೀದಿಸಲಾಗಿತ್ತು. ಅದು ಯಾರೋ ನಿವೃತ್ತ ಅಂಚೆ ಮಾಸ್ತರರ ನೆನಪು. ಅಗ್ಗವಾಗಿ ಸಿಕ್ಕಿದ್ದರಿಂದ ಎಲ್ಲರಿಗೂ ಅದನ್ನೇ ತರಿಸಿದ್ದರು. ಈಗಾಗಲೇ ಭರ್ತಿಯಾದ ಮೂವರು ಅಂಗಳದ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಒಬ್ಬ ಶುರು ಮಾಡಿದ ಮಾತನ್ನು ಇನ್ನೊಬ್ಬ ಮುಗಿಸುತ್ತಿದ್ದ, ಮೂರನೆಯವ ನಿಟ್ಟುಸಿರು ಬಿಡುತ್ತಿದ್ದ. ಮದುವೆಯ ಮಾರನೇ ದಿನ ಹೆಂಡತಿಯ ಹೊಸ ಛತ್ರಿಯನ್ನು ಬಸ್ಸಿನಲ್ಲಿ ಮರೆತು ಬಂದವರು ತಾವೇ ಎಂದು ಮೂವರೂ ಪಟ್ಟು ಹಿಡಿದಾಗ ಮಾತ್ರ ಆಗಾಗ ಕೈಕೈ ಮಿಲಾಯಿಸುವವರೆಗೆ ಹೋಗುತ್ತಿತ್ತು.

ಅರ್ಧಣ್ಣ ಭರ್ತಿಗೆ ಆಕ್ಷೇಪಣೆ ಸಲ್ಲಿಸಿದ್ದ. ಆಕ್ಷೇಪಣೆ ಸಲ್ಲಿಸಲು ಪೂರ್ಣ ವ್ಯಕ್ತಿಯಾಗಿರಬೇಕು, ಇವನು ಭಾಗಶಃ ವ್ಯಕ್ತಿ. ಆದ್ದರಿಂದ ಅದನ್ನು ಭಾಗಶಃ ಸ್ವೀಕರಿಸಿ, ಪೂರ್ತಿಯಾಗಿ ತಿರಸ್ಕರಿಸಲಾಯಿತು.

ಹಾಗಾಗಿ ಗುರುವಾರ ಬೆಳಿಗ್ಗೆ ಅವನು ಎದ್ದು, ಮುಖ ತೊಳೆದು, ಗೇಟಿನ ಕಡೆಗೆ ನಡೆದ. ಗೇಟಿನವನು ಹಿಡಿದು ಮೇಡಂ ಮುಂದೆ ತಂದು ನಿಲ್ಲಿಸಿದ.

"ಎಲ್ಲಿಗಪ್ಪಾ ಹೊರಟಿದ್ದೆ?"

"ಹೊರಗೆ, ಮೇಡಂ."

"ಹೊರಗೆ ಅಂದ್ರೆ? ಏನಾದ್ರೂ ಕೆಲಸಕ್ಕೋ, ಪರಾರಿಗೋ?"

ಅರ್ಧಣ್ಣ ಸುಳ್ಳು ಹೇಳುವುದನ್ನೂ ಮರೆತಿದ್ದ. "ಪರಾರಿಗೆ," ಎಂದ.

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಕಣ್ಣನ್ನೂ ಒರೆಸಿಕೊಂಡರು. ಕುರ್ಚಿ ತೋರಿಸಿ ಕೂರಲು ಹೇಳಿದರು, ಟೀ ತರಿಸಿದರು, ಬಿಸ್ಕತ್ತನ್ನೂ ತರಿಸಿದರು. ಇಷ್ಟು ವರ್ಷಗಳಲ್ಲಿ ಕೇಂದ್ರದ ಬಗ್ಗೆ ಇಷ್ಟು ಕಾಳಜಿ ತೋರಿಸಿದವರು ಯಾರೂ ಇಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

"ಆದ್ರೆ ಹೀಗೆ ಸುಮ್ನೆ ನಡೆದು ಹೋದ್ರೆ ಅದನ್ನ ಪರಾರಿ ಅಂತಾರೇನಪ್ಪಾ? ವಾಕಿಂಗ್ ಅಂತಾರೆ. ಪರಾರಿ ಅಂದ್ಮೇಲೆ ಅದಕ್ಕೊಂದು ರೀತಿನೀತಿ ಬೇಡ್ವಾ?"

ರೀತಿನೀತಿ ಆಗಲೇ ಸಿದ್ಧವಿತ್ತು. ಅದನ್ನು ಒಂದು ಸಲಹಾ ಸಂಸ್ಥೆ ರೂಪಿಸಿಕೊಟ್ಟಿತ್ತು. ಆ ಸಂಸ್ಥೆ ಹಿಂದೊಮ್ಮೆ ಮಕ್ಕಳಿಗೆಂದು ಒಂದು ಸಾಹಸದ ಕಂಪ್ಯೂಟರ್ ಆಟ ಮಾಡಿತ್ತು. ನೆನಪು ಕಳೆದುಕೊಂಡ ಅರೆಯಂತ್ರ ಮಾನವನೊಬ್ಬ ಸೆರೆಯಿಂದ ತಪ್ಪಿಸಿಕೊಳ್ಳುವ ಆಟ. ಮಕ್ಕಳು ಕೊಳ್ಳಲಿಲ್ಲ. ಆದ್ದರಿಂದ ಮೊದಲ ಪರದೆಯ ಮೇಲೆ ಇಲಾಖೆಯ ಲಾಂಛನ ಅಂಟಿಸಿ, 'ಮಾದರಿ ಪರಾರಿ ಕಾರ್ಯವಿಧಾನ' ಎಂದು ಹೆಸರಿಟ್ಟು ಇಲಾಖೆಗೆ ಮಾರಿತು. ಇಲಾಖೆಯ ಹಿರಿಯರು ಅದನ್ನು ಮೂರು ತಿಂಗಳು ಆಡಿ, ಅಲ್ಲ, ಪರಿಶೀಲಿಸಿ, ಅನುಮೋದಿಸಿದ್ದರು.

ಪರಾರಿಯಾಗುವವನು ಎದುರಿಗೆ ಸಿಕ್ಕ ಪ್ರತಿಯೊಬ್ಬರನ್ನೂ ಎರಡೆರಡು ಸಲ ಮಾತನಾಡಿಸತಕ್ಕದ್ದು ಎಂದು ಅದರಲ್ಲಿತ್ತು. ದಾರಿಯಲ್ಲಿ ಕಂಡ ಯಾವುದೇ ವಸ್ತುವನ್ನು, ಅದರಿಂದ ಏನುಪಯೋಗ ಎಂದು ತಿಳಿಯದಿದ್ದರೂ, ಎತ್ತಿ ಜೇಬಿಗೆ ಹಾಕಿಕೊಳ್ಳತಕ್ಕದ್ದು. ಸಿಬ್ಬಂದಿಯು ಎಷ್ಟು ಸಲ ಕೇಳಿದರೂ ಒಂದೇ ಉತ್ತರ ಕೊಡತಕ್ಕದ್ದು. ಎರಡನೆಯದರಲ್ಲಿ ಅಧಿಕಾರಿಗಳಿಗೂ ಮೂರನೆಯದರಲ್ಲಿ ಗುಮಾಸ್ತರಿಗೂ ಸಾಕಷ್ಟು ಅನುಭವ ಇದ್ದುದರಿಂದ ಬೇರೆ ತರಬೇತಿ ಬೇಕಾಗಲಿಲ್ಲ.

ಕಾವಲಿನ ಚಿಕ್ಕಪ್ಪನೊಬ್ಬ ಮಾತ್ರ ಅಭ್ಯಾಸ ಮಾಡಿದ. ಅವನ ಪಾಲಿಗೆ ಬಂದದ್ದು "ಇಲ್ಲಿ ನೋಡುವಂಥದ್ದು ಏನೂ ಇಲ್ಲ, ಮುಂದೆ ನಡೀರಿ" ಎಂಬ ಮಾತು. ಮನೆಯಲ್ಲಿ ಹೆಂಡತಿ ಸಂಬಳ ಬಂತೇ ಎಂದು ಕೇಳಿದಾಗಲೂ ಬಾಯಿಗೆ ಅದೇ ಬಂದು, ಅವಳು ಮಾತು ಬಿಟ್ಟಿದ್ದಳು.

ಆಟದ ಮೂರನೇ ಹಂತದಲ್ಲಿ ಕಬ್ಬಿಣದ ನಾಯಿಯೊಂದಿತ್ತು. ಅದು ಕೇಂದ್ರದಲ್ಲಿ ಇರಲಿಲ್ಲ. ಲೆಕ್ಕಪತ್ರ ವಿಭಾಗದ ಬೆರಳಚ್ಚುಗಾರನ ಕೊರಳಿಗೆ 'ನಾಯಿ' ಎಂಬ ಫಲಕ ತೂಗುಹಾಕಿ ಕಾರಿಡಾರಿನಲ್ಲಿ ಕೂರಿಸುವುದೆಂದಾಯಿತು. ಬೊಗಳುವುದು ತನ್ನ ಹುದ್ದೆಯ ಕರ್ತವ್ಯಗಳಲ್ಲಿ ಬರುವುದಿಲ್ಲ ಎಂದು ಅವನು ವಾದಿಸಿದ. ಬರೀ ಗುರಾಯಿಸಿದರೆ ಸಾಕೆಂದು ರಾಜಿಯಾಯಿತು. ನಾಲ್ಕನೇ ಹಂತದಲ್ಲಿ ಮುಟ್ಟಿದರೆ ಸುಡುವ ಬೆಳಕಿನ ಕಿರಣಗಳಿದ್ದವು. ಅವುಗಳ ಬದಲು ರವಾನೆ ವಿಭಾಗದ ಹೆಂಗಸರು ಕಡತ ಕಟ್ಟುವ ಕೆಂಪು ದಾರವನ್ನು ಗೋಡೆಯಿಂದ ಗೋಡೆಗೆ ಎಳೆದು ಕಟ್ಟಿದರು. ಕೊನೆಯ ಹಂತ ಸುರಂಗ. ಅದನ್ನು ಮೇಡಂ ಅವರ ಮೈದುನ ಗುತ್ತಿಗೆಗೆ ಹಿಡಿದು, ನಂಬಲಾಗದ ವೇಗದಲ್ಲಿ ಶುಕ್ರವಾರ ಸಂಜೆಯೊಳಗೆ ಮುಗಿಸಿಕೊಟ್ಟ.

ಶನಿವಾರ ಬೆಳಿಗ್ಗೆ, ಸಿಬ್ಬಂದಿಯೆಲ್ಲ ಬಂದು ಟೀ ಕುಡಿದ ಮೇಲೆ, ಮೈಕಿನಲ್ಲಿ ಪ್ರಕಟಣೆ ಬಂತು. "ಎಲ್ಲರ ಗಮನಕ್ಕೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅನಿರೀಕ್ಷಿತವಾಗಿ ಒಂದು ಪರಾರಿ ನಡೆಯಲಿದೆ. ದಯವಿಟ್ಟು ಗಾಬರಿಯಾಗಲು ಸಿದ್ಧರಾಗಿರಬೇಕಾಗಿ ವಿನಂತಿ."

ಅರ್ಧಣ್ಣನ ಕೋಣೆಗೆ ಬೀಗ ಇರಲಿಲ್ಲ. ಆದರೂ ಅವನು ನಿಯಮದಂತೆ ಚಮಚಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ಬೀಗ ಇರಬೇಕಾಗಿದ್ದ ಜಾಗದಲ್ಲಿ ತಿರುಗಿಸಿ ಹೊರಬಂದ. ದಾರಿಯಲ್ಲಿ ಅರ್ಧ ಬಾಚಣಿಗೆ, ಸುಟ್ಟ ಬಲ್ಬು, ಯಾರದೋ ಊಟದ ಡಬ್ಬಿಯ ಮುಚ್ಚಳ ಎತ್ತಿಕೊಂಡ. ಚಿಕ್ಕಪ್ಪನನ್ನು ಎರಡು ಸಲ ಮಾತನಾಡಿಸಿದ. ಎರಡು ಸಲವೂ ಇಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದ ಚಿಕ್ಕಪ್ಪ, ಎರಡನೇ ಸಲ ಮಾತ್ರ ಬಗ್ಗಿ ಅವನ ಮಂಡಿಗೆ ಎರಡು ಹನಿ ಎಣ್ಣೆ ಬಿಟ್ಟ. ಬೆಂಚಿನ ಮೂವರನ್ನೂ ಮಾತನಾಡಿಸಲೇಬೇಕಿತ್ತು. ಮೊದಲನೇ ಸಲ ಮೂವರೂ ಛತ್ರಿಯ ಕಥೆ ಹೇಳಿದರು. ಎರಡನೇ ಸಲವೂ ಅದನ್ನೇ, ಅದೇ ಜಾಗದಲ್ಲಿ ಉಸಿರೆಳೆದು, ಅದೇ ಜಾಗದಲ್ಲಿ ನಕ್ಕು ಹೇಳಿದರು. ಅಲ್ಲಿಂದಾಚೆ ಅರ್ಧಣ್ಣ ಬೇಗ ಬೇಗ ನಡೆದ.

ನಾಯಿ ಪೇಪರ್ ಓದುತ್ತಿತ್ತು. ಇವನನ್ನು ಕಂಡು ಮಡಿಸಿಟ್ಟು ಗುರಾಯಿಸಿತು. ಕೆಂಪು ದಾರಗಳ ನಡುವೆ ನುಸುಳುವಾಗ ರವಾನೆ ವಿಭಾಗದ ಹೆಂಗಸೊಬ್ಬಳು, ನಿಧಾನ, ಅಲ್ಲಿ ಗಂಟು ಸಡಿಲ ಇದೆ ಎಂದು ಎಚ್ಚರಿಸಿದಳು. ಕೊನೆಗೆ ಸುರಂಗ. ಕತ್ತಲು, ಹಸಿ ಮಣ್ಣಿನ ವಾಸನೆ. ಅಗೆದು ಹಾಕಿದ್ದ ಮಣ್ಣನ್ನು ತೆವಳಿಕೊಂಡು ದಾಟುವಾಗ ಅರ್ಧಣ್ಣ ಆಚೆ ಏನಿರಬಹುದು ಎಂದು ಊಹಿಸಿದ. ರಸ್ತೆ ಇರುತ್ತದೆ. ರಸ್ತೆಯಲ್ಲಿ ಮನೆಗಳಿರುತ್ತವೆ. ಮನೆಗಳಲ್ಲಿ ಬಚ್ಚಲಿರುತ್ತದೆ. ತಲೆಗೆ ಹಲಗೆ ತಗುಲಿತು. ಕಬ್ಬಿಣದ ಕೈಯಿಂದ ಎತ್ತಿ ಮೇಲೆ ನೋಡಿದ. ಕೇಂದ್ರದ್ದೇ ಕ್ಯಾಂಟೀನಿನ ಉಗ್ರಾಣ.

ಸಕ್ಕರೆ ಡಬ್ಬ ಹಿಡಿದು ನಿಂತಿದ್ದ ಕ್ಯಾಂಟೀನಿನ ಅಕ್ಕ, "ಕಾಲು ಜಾಡಿಸ್ಕೊಂಡು ಬಾರಪ್ಪಾ, ಈಗಷ್ಟೇ ನೆಲ ಒರೆಸಿದ್ದೀನಿ," ಎಂದಳು.

ಮೈದುನ ಇಲ್ಲಿಯವರೆಗೆ ಮಾತ್ರ ಅಗೆದದ್ದು, ಮುಂದಿನ ಸುರಂಗವೆಲ್ಲ ಬಿಲ್ಲಿನಲ್ಲಿದೆಯಂತೆ ಎಂದು ಅವಳೇ ವಿವರಿಸಿದಳು.

"ಹಾಗಾದ್ರೆ ನಾನು ಪರಾರಿ ಆಗ್ಲಿಲ್ವಾ, ಅಕ್ಕಾ?"

"ಆಗಿದ್ದೀಯಲ್ಲ. ಈಗ ತಾನೇ ಮೈಕಲ್ಲಿ ಹೇಳಿದ್ರು."

ಅಷ್ಟರಲ್ಲಿ ಟೀಗೆಂದು ಚಿಕ್ಕಪ್ಪ ಬಂದ. ಲೋಟ ತೆಗೆದುಕೊಂಡು ತಿರುಗಿದರೆ ಎದುರಿಗೆ ಅರ್ಧಣ್ಣ. ಕಂಡೆ ಎಂದರೆ ಸಿಕ್ಕಿಬಿದ್ದ ಹಾಗೆ; ಸಿಕ್ಕಿಬಿದ್ದರೆ ಸೋಮವಾರ ತಲೆ ತೊಳೆಯುತ್ತಾರೆ. ಅವನು ಒಂದು ಗುಟುಕು ಕುಡಿದು, ಗೋಡೆಗೆ ಹೇಳುವವನಂತೆ, "ಇಲ್ಲಿ ನೋಡುವಂಥದ್ದು ಏನೂ ಇಲ್ಲ," ಎಂದ. ಸ್ವಲ್ಪ ಹೊತ್ತಿಗೆ ಮೇಡಂ ಬಂದರು. ಅರ್ಧಣ್ಣನನ್ನು ನೋಡಿದರು, ಅವನ ಕಬ್ಬಿಣದ ಕೈಯನ್ನು ನೋಡಿದರು. ಹೊಸಬರಾ ಎಂದು ಅಕ್ಕನನ್ನು ಕೇಳಿದರು. ಹೂಂ ಎಂದಳು ಅಕ್ಕ. ಒಳ್ಳೇದು ಎಂದು ಮೇಡಂ ಎರಡು ಬನ್ನು ಕಟ್ಟಿಸಿಕೊಂಡು ಹೋದರು. ಬಹಳ ದಿನದ ಮೇಲೆ ಅವರಿಗೆ ಹಸಿವಾಗಿತ್ತು.

ಭಾನುವಾರ ಅರ್ಧಣ್ಣ ಮತ್ತೆ ಗೇಟಿಗೆ ಹೋದ. ಗೇಟಿನವನು ನಿಯಮ ಬಲ್ಲವನು.

"ಅರ್ಧಣ್ಣ ನಿನ್ನೇನೇ ಹೊರಗೆ ಹೋಗಿಯಾಯ್ತು. ಹೋದವನನ್ನ ಮತ್ತೆ ಹೇಗೆ ಕಳಿಸ್ಲಿ? ಅವನು ಮೊದಲು ಒಳಗೆ ಬರ್ಬೇಕು."

"ಒಳಗೇ ಇದ್ದೀನಲ್ಲಣ್ಣಾ."

"ಒಳಗಿದ್ದೀಯಾ ಅಂದ್ರೆ ಪರಾರಿ ಸುಳ್ಳು. ಹಾಗಂತ ಮೇಡಂಗೆ ಹೇಳ್ಲಾ? ನಾಳೆ ಸೋಮವಾರ ಬೇರೆ."

ಅರ್ಧಣ್ಣ ಬಂದ ದಾರಿಯಲ್ಲೇ ವಾಪಸ್ಸು ಹೋಗಿ, ಉಗ್ರಾಣದಲ್ಲಿ ಸಕ್ಕರೆ ಮೂಟೆಗಳ ಹಿಂದೆ ಕೂತ. ಒಳಗಿದ್ದರೆ ತಲೆ ಹೋಗುತ್ತದೆ, ಹೊರಗೆ ಹೋಗೋಣವೆಂದರೆ ಆಗಲೇ ಹೋಗಿಯಾಗಿದೆ.

ಸೋಮವಾರ ಬೆಳಿಗ್ಗೆ ಎರಡು ಘಟನೆಗಳು ನಡೆದವು. ಪರಾರಿಯ ಸುದ್ದಿ ತಿಳಿದು ತೀವ್ರ ಸಂತೋಷಗೊಂಡ ಪ್ರಧಾನ ಕಚೇರಿ, ತೀವ್ರ ಆತಂಕ ವ್ಯಕ್ತಪಡಿಸಿ, ಪರಾರಿ ತಡೆ ವಿಭಾಗವನ್ನು ಉಳಿಸಿಕೊಂಡಿತು; ಜೊತೆಗೆ ಶೋಧ ವಿಭಾಗವೊಂದನ್ನೂ ಮಂಜೂರು ಮಾಡಿತು. ಶೋಧಕನು ಪರಾರಿಯಾದವನ ಮುಖ, ನಡಿಗೆ, ಅಭ್ಯಾಸಗಳನ್ನು ಹತ್ತಿರದಿಂದ ಬಲ್ಲವನಾಗಿರಬೇಕು ಎಂದು ಆದೇಶದಲ್ಲಿತ್ತು. ಮೇಡಂ ಬಹಳ ಯೋಚಿಸಿದರು. ಆಮೇಲೆ ಕ್ಯಾಂಟೀನಿಗೆ ಬಂದು, ಆ ಹೊಸಬರನ್ನು ಸ್ವಲ್ಪ ಕಳಿಸು ಎಂದು ಅಕ್ಕನಿಗೆ ಹೇಳಿದರು. ಮಧ್ಯಾಹ್ನದೊಳಗೆ ಅರ್ಧಣ್ಣನ ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಹೆಸರಿನ ಜಾಗದಲ್ಲಿ 'ಶೋಧಕ' ಎಂದಷ್ಟೇ ಇತ್ತು. ಅವನು ಬಲ್ಲಷ್ಟರ ಮಟ್ಟಿಗೆ ಇದು ಅವನ ಮೊದಲ ಹೆಸರು.

ಇನ್ನೊಂದು, ಅರ್ಧಣ್ಣನಿಗೆ ತುಂಬಬೇಕಿದ್ದ ನೆನಪು ಬಂದಿಳಿಯಿತು. ತರಿಸಿದ ಮಾಲು ವಾಪಸ್ಸು ಹೋಗುವಂತಿಲ್ಲ, ಇಟ್ಟರೆ ಕೆಡುತ್ತದೆ. ಆ ಹೊತ್ತಿಗೆ ಕೈಯಲ್ಲಿ ಕೆಲಸವಿಲ್ಲದೆ ನಿಂತಿದ್ದವನು ಗೇಟಿನವನೊಬ್ಬನೇ. ಅವನ ಸ್ವಂತ ನೆನಪನ್ನು ಹೆಚ್ಚುವರಿ ಎಂದು ಪರಿಗಣಿಸಿ ತೆಗೆದು, ಅಂಚೆ ಮಾಸ್ತರರದ್ದನ್ನು ತುಂಬಲಾಯಿತು. ಈಗ ಬೆಂಚಿನ ಮೇಲೆ ನಾಲ್ವರು. ಗೇಟಿನವನ ಹೆಂಡತಿಯನ್ನು ಕರೆಸಿ ಪರಿಸ್ಥಿತಿ ವಿವರಿಸಿದಾಗ ಆಕೆ ಅಂಥ ಬೇಸರ ತೋರಿಸಲಿಲ್ಲ. ಮೊದಲು ಆಕೆಯ ಮುಖವನ್ನೇ ನೋಡದಿದ್ದವನು ಈಗ ದಿನಾ ಛತ್ರಿಗಾಗಿ ಕ್ಷಮೆ ಕೇಳುತ್ತಾನಂತೆ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಯಾವುದಕ್ಕಾದರೂ ಕ್ಷಮೆ ಕೇಳಿದ್ದು ಇದೇ ಮೊದಲಂತೆ.

ಅರ್ಧಣ್ಣ ಹೊಸ ಗೇಟಿನವನಿಂದ ಸಲಾಮು ತೆಗೆದುಕೊಂಡು ಹೊರಗೆ ಹೋಗತೊಡಗಿದ. ಹಿಂದೆ ಜೀಪು ನಿಧಾನಕ್ಕೆ ಬರುತ್ತಿತ್ತು. ಬೀದಿ ಬೀದಿ ಸುತ್ತಿ, ಮನೆ ಮನೆಯ ಬಾಗಿಲು ತಟ್ಟಿ, ನಿಮ್ಮಲ್ಲಿ ಯಾರಾದರೂ ಕಳೆದುಹೋಗಿದ್ದಾರಾ ಎಂದು ಕೇಳುತ್ತಿದ್ದ. ಕೇಳುವಾಗ ಹೆಂಗಸರ ದನಿಯನ್ನು ಮಾತ್ರ ಗಮನವಿಟ್ಟು ಕೇಳುತ್ತಿದ್ದ. ಸಂಜೆ ಹಾಜರಿ ಹಾಕಲು ತಪ್ಪದೆ ಕೇಂದ್ರಕ್ಕೆ ಮರಳುತ್ತಿದ್ದ. ಮರಳದಿದ್ದರೆ ಅವನೂ ಕಾಣೆಯಾದಂತೆ. ಆಗ ಅವನನ್ನು ಹುಡುಕಲು ಇನ್ನೊಬ್ಬ ಬೇಕಾಗುತ್ತಾನೆ, ಅಷ್ಟು ಸಿಬ್ಬಂದಿ ಸದ್ಯಕ್ಕೆ ಇರಲಿಲ್ಲ.

ವರ್ಷದ ಕೊನೆಗೆ ಪ್ರಧಾನ ಕಚೇರಿಯಿಂದ ಹಿರಿಯ ಅಧಿಕಾರಿಗಳು ತಪಾಸಣೆಗೆ ಬಂದರು. ಶೋಧಕನನ್ನು ಎದುರಿಗೆ ನಿಲ್ಲಿಸಿಕೊಂಡು, ಪರಾರಿಯಾದವನ ಚಿತ್ರವನ್ನು ಮೇಜಿನ ಮೇಲಿಟ್ಟು, ಒಂದು ಸಲ ಚಿತ್ರ ನೋಡಿದರು, ಒಂದು ಸಲ ಇವನನ್ನು ನೋಡಿದರು. ಮೇಡಂ ಕಿಟಕಿಯಿಂದಾಚೆ ನೋಡುತ್ತಿದ್ದರು.

"ಒಂದ್ವೇಳೆ ಈ ಮನುಷ್ಯ ಎದುರಿಗೆ ಬಂದ್ರೆ ಗುರುತು ಹಿಡೀತೀರೇನ್ರೀ?"

ಅರ್ಧಣ್ಣ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ, ಸಾರ್."

ಅಧಿಕಾರಿಗಳ ಮುಖ ಅರಳಿತು. ಇಂಥವರೇ ಬೇಕು ಎಂದು ಮೇಡಂಗೆ ಹೇಳಿ, ಅವನ ಹುದ್ದೆಯನ್ನು ಅಲ್ಲೇ ಕಾಯಂ ಮಾಡಿದರು. ಬಾಗಿಲವರೆಗೆ ಹೋಗಿದ್ದ ಅರ್ಧಣ್ಣ ತಿರುಗಿ ನಿಂತು, ಅಕಸ್ಮಾತ್ ಸಿಕ್ಕರೆ ಅವನನ್ನು ಏನು ಮಾಡುತ್ತೀರಿ ಎಂದು ಕೇಳಿದ. ಇನ್ನೇನು, ತಲೆ ತೊಳೆದು ನೆನಪು ತುಂಬಿಸುತ್ತೇವೆ, ಪಾಪ ಒಂಟಿ ಜೀವ ಎಂದರು ಅಧಿಕಾರಿಗಳು.

ಆ ದಿನ ಅರ್ಧಣ್ಣ ಸ್ವಲ್ಪ ತಡವಾಗಿ ಹೊರಟ. ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ, ಮೊದಲಿಗಿಂತ ನಿಧಾನವಾಗಿ ಹುಡುಕಿದ. ಬೀದಿಯವರಿಗೆ ಈಗ ಅವನು ಅಭ್ಯಾಸವಾಗಿದ್ದಾನೆ. ಕೆಲವರು ಕುರ್ಚಿ ಹಾಕುತ್ತಾರೆ, ಕೆಲವರು ನೀರು ಕೊಡುತ್ತಾರೆ. ತಿರುವಿನ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಾ ಕೇಳಿದಳು:

"ಇನ್ನೂ ಸಿಕ್ಲಿಲ್ವಾ, ಅಣ್ಣಾ?"

"ಇಲ್ಲಮ್ಮಾ."

"ಸಿಗ್ತಾನೆ ಬಿಡಿ. ಎಲ್ಲಿಗೆ ಹೋಗ್ತಾನೆ."