ಅಂದಾನಪ್ಪನ ಎದ್ದು ಕೂರುವ ಮಂಚ

ಒಂದು ಚೇಳು ತನ್ನ ಪಾಡಿಗೆ ತಾನು ಇದ್ದಿದ್ದರೆ ಹೊಸಪೇಟೆಯ ಬೆಲ್ಲದ ಮಂಡಿ ಗುಮಾಸ್ತ ಅಂದಾನಪ್ಪನಿಗೆ ಇಷ್ಟೆಲ್ಲ ಫಜೀತಿ ಆಗುತ್ತಿರಲಿಲ್ಲ. ಆದರೆ ಚೇಳಿಗೆ ಬುದ್ಧಿ ಹೇಳುವವರು ಯಾರು? ನೆಲಕ್ಕೆ ಹಾಸಿದ ಬಂಡೆಗಳ ಸಂದಿಯಿಂದ ಎದ್ದು ಬಂದು, ಚಾಪೆಯ ಮೇಲೆ ಮಲಗಿದ್ದ ಇಬ್ಬರಲ್ಲಿ ಸರಿಯಾಗಿ ಹೆಂಡತಿ ಸುವರ್ಣಮ್ಮನನ್ನೇ ಆರಿಸಿ ಕುಟುಕಿತು. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಕುಟುಕಿತು. ಮೂರನೆಯದಕ್ಕೆ ಅವಳು ಕಾಯಲಿಲ್ಲ. ಟ್ರಂಕು ಎತ್ತಿಕೊಂಡು ಕಂಪ್ಲಿಯ ತವರಿಗೆ ಹೊರಟೇಹೋದಳು.

ಮಾವ ಉಜ್ಜಿನಪ್ಪ ಹಟದ ಆಸಾಮಿ. ಕರೆಯಲು ಹೋದ ಅಳಿಯನಿಗೆ ನೆಟ್ಟಗೆ ಹೇಳಿಬಿಟ್ಟ. "ಮನ್ಯಾಗ ಮಂಚ ಇದ್ರ ಮಗಳು ಇರತಾಳ. ಮಂಚ ಇಲ್ಲಂದ್ರ ಮಗಳೂ ಇಲ್ಲ. ಯುಗಾದಿ ಆದಮ್ಯಾಲೆ ಬುಧವಾರ ಸಂಜಿಗೆ ನಾನೇ ಕರಕೊಂಡು ಬರತೀನಿ. ಕಣ್ಣಾರೆ ಮಂಚ ನೋಡಿ ಬಿಟ್ಟು ಬರತೀನಿ. ಇಲ್ಲಾ, ಬಂದ ಬಂಡ್ಯಾಗೇ ವಾಪಸ್."

ಮೂರು ತಿಂಗಳಿಂದ ತಾನೇ ಬಡಿದ ರೊಟ್ಟಿ ತಿಂದು ಅಂದಾನಪ್ಪನ ಹಲ್ಲು ಸವೆದಿದ್ದವು. ಮಂಚ ಮಾಡಿಸಲು ಅವನೇನೋ ಸಿದ್ಧ. ಆದರೆ ಇದ್ದದ್ದು ಒಂದೇ ಕೋಣೆ. ಮಂಚ ಹಾಕಿದರೆ ಮನುಷ್ಯರು ಬಾಗಿಲಾಚೆ ನಿಲ್ಲಬೇಕು. ಮನುಷ್ಯರು ಒಳಗೆ ಬಂದರೆ ಮಂಚ ಬೀದಿಗೆ ಹೋಗಬೇಕು. ಹದಿನೈದು ದಿನ ತಲೆ ಕೆರೆದುಕೊಂಡು, ಬೆಲ್ಲದ ಚೀಟಿಗಳ ಹಿಂದೆ ಗೀಚಿ ಗೀಚಿ, ಕೊನೆಗೆ ಅವನು ಭೂಲೋಕದಲ್ಲಿ ಇಲ್ಲದ ಮಂಚವೊಂದನ್ನು ಕಂಡುಹಿಡಿದ. ರಾತ್ರಿ ಮಲಗುವಾಗ ಅದು ಉದ್ದಕ್ಕೆ ಮಂಚ. ಬೆಳಗಾದರೆ ತಲೆಯ ಕಡೆಯ ಹಲಗೆ ಎದ್ದು ನಿಂತು ಬೆನ್ನಿಗೆ ಆನಿಕೆಯಾಗುತ್ತದೆ, ಕಾಲಿನ ಕಡೆಯದು ಮಡಚಿಕೊಂಡು ಕೆಳಗೆ ಸೇರುತ್ತದೆ. ಹಗಲೆಲ್ಲ ಸಿಂಹಾಸನದ ಹಾಗೆ ಕೂತುಕೊಳ್ಳಬಹುದು. ಸೊಳ್ಳೆಪರದೆಗೆಂದು ನಾಲ್ಕು ಮೂಲೆಗೆ ನಾಲ್ಕು ಕೆತ್ತನೆಯ ಕಂಬ, ಮೇಲೊಂದು ಚೌಕಟ್ಟು. ಕಮಲಾಪುರದ ಬಡಿಗೇರ ಬೈದುಕೊಳ್ಳುತ್ತಲೇ ಮಾಡಿಕೊಟ್ಟ. ಸರಿಯಾಗಿ ಆ ಬುಧವಾರ ಮಧ್ಯಾಹ್ನದ ಹೊತ್ತಿಗೇ ಕೊಟ್ಟ, ಬಡಿಗೇರ ಅಲ್ಲವೇ!

ಬಾಳೆಗೊನೆ ತುಂಬಿಕೊಂಡು ಹೊಸಪೇಟೆಗೆ ಹೊರಟಿದ್ದ ಓಬಳೇಶನ ಬಂಡಿ ಸಿಕ್ಕಿತು. ಮಂಚವನ್ನು ಉದ್ದಕ್ಕೆ ಇಟ್ಟರೆ ಹಿಂದೆ ಮುಂದೆ ಚಾಚಿಕೊಳ್ಳುತ್ತಿತ್ತು. ಹೀಗಾಗಿ ಮಡಚಿ ಕೂರುವ ಹಾಗೆ ಮಾಡಿ, ಗೊನೆಗಳ ಮೇಲೆ ಕೂರಿಸಿದರು.

"ಧಣ್ಯಾರ, ನಾಕು ಬಾಳಿಕಂಬ ಅದಾವ್ರಿ, ಯಾರದೋ ಸತ್ಯನಾರಾಯಣ ಪೂಜಿಗೆ. ಕೆಳಗ ಹಾಕಿದ್ರ ಜಜ್ಜಿ ಹೋಗತಾವ. ನಿಮ್ಮ ಮಂಚದ ಕಂಬಕ್ಕ ಕಟ್ಟಲೇನ್ರಿ?" ಎಂದ ಓಬಳೇಶ.

"ಕಟ್ಟಪ್ಪ, ಜಲ್ದಿ ನಡಿ. ಮಾವ ಬರೋದ್ರಾಗ ಇದು ಮನಿಯೊಳಗ ಇರಬೇಕು."

ಬಂಡಿಯಲ್ಲಿ ಬೇರೆಲ್ಲೂ ಜಾಗವಿರಲಿಲ್ಲ. ಅಂದಾನಪ್ಪ ಮಂಚದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ. ಆಹಾ, ಎಂಥ ಸುಖ! ಬೆನ್ನಿಗೆ ಹಲಗೆ, ಮೇಲೆ ಬಾಳೆ ಎಲೆಯ ನೆರಳು. ಕುಲುಕಾಟಕ್ಕೆ ಉರುಳಿ ಬೀಳಬಾರದೆಂದು ಹೆಗಲ ಮೇಲಿನ ವಸ್ತ್ರದಿಂದ ಎದೆಯನ್ನು ಹಲಗೆಗೆ ಬಿಗಿದುಕೊಂಡ. ಬೆಳಗ್ಗೆ ಪೂಜೆ ಮಾಡಿ ಹಚ್ಚಿದ ವಿಭೂತಿ ಹಣೆಯ ತುಂಬ ಇತ್ತು. ಕಮಲಾಪುರದ ಕೆರೆ ಏರಿ ದಾಟುವುದರೊಳಗೆ ಕುಂಭಕರ್ಣನ ತಮ್ಮನಂತೆ ನಿದ್ದೆ ಹೋದ.

ಆಗಲೇ ಹಿಂದಿನಿಂದ ಸೈಕಲ್ ಮೇಲೆ ಬಂದವನು ಅದೇ ಓಣಿಯ ಗಾದಿಲಿಂಗಪ್ಪ. ಈತ ಹುಟ್ಟಿದ ಮನೆಗೆ ತಡವಾಗಿ ಹೋದಾನು, ಸತ್ತ ಮನೆಗೆ ಮಾತ್ರ ಎಲ್ಲರಿಗಿಂತ ಮುಂದೆ. ಹೇಳಿಕೇಳಿ ಶಿವಭಕ್ತರ ಓಣಿ ಅವರದು. ಅಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿ ಇಲ್ಲ. ವಿಭೂತಿ ಹಚ್ಚಿ, ಬೆನ್ನಿಗೆ ಬಟ್ಟೆ ಬಿಗಿದು, ಬಾಳೆಕಂಬ ಕಟ್ಟಿದ ಕಟ್ಟಿಗೆಯ ವಿಮಾನದಲ್ಲಿ ಕೂರಿಸಿಕೊಂಡೇ ಒಯ್ಯುತ್ತಾರೆ. ಗಾದಿಲಿಂಗಪ್ಪ ನೋಡಿದ. ವಿಭೂತಿ ಇದೆ, ಬಟ್ಟೆ ಇದೆ, ಬಾಳೆಕಂಬ ಇದೆ, ಕತ್ತು ಒಂದು ಕಡೆ ವಾಲಿದೆ. ಬಂಡಿಯವನು ತಲೆ ತಗ್ಗಿಸಿ ಎತ್ತಿನ ಮುಂದೆ ನಡೆಯುತ್ತಿದ್ದಾನೆ. ಇನ್ನು ಕೇಳುವುದೇನಿದೆ? ಸೈಕಲ್ ಇಳಿದು, ದೂರದಿಂದಲೇ ಕೈಮುಗಿದು, "ಶಿವಾ ಶಿವಾ" ಎಂದು ಮತ್ತೆ ಹತ್ತಿದವನು ಹೊಸಪೇಟೆ ಮುಟ್ಟುವ ತನಕ ಪೆಡಲ್ ಬಿಡಲಿಲ್ಲ.

ಬಂಡಿ ಅವನಿಗಿಂತ ಮೂರು ತಾಸು ತಡವಾಗಿ ಓಣಿಗೆ ಬಂತು. ಅಷ್ಟರಲ್ಲಿ ಗಾದಿಲಿಂಗಪ್ಪ ಹೂವು ತರಿಸಿದ್ದ, ಭಜನೆಯವರನ್ನು ಕೂರಿಸಿದ್ದ, ಮಠದ ಕೊಟ್ರಯ್ಯನವರನ್ನು ಕರೆಸಿದ್ದ, ಊರಾಚೆ ರುದ್ರಭೂಮಿಯಲ್ಲಿ ಆಳು ಹಚ್ಚಿ ಕುಣಿಯನ್ನೂ ತೋಡಿಸಿದ್ದ. ಓಣಿಯ ಅಳು ಕೇಳಿ, ಧಣಿ ದಾರಿಯಲ್ಲೇ ಹೋಗಿಬಿಟ್ಟರೆಂದು ನಂಬಿದ ಓಬಳೇಶನೂ ಕೈಹಚ್ಚಿ, ಕೂತವನನ್ನು ಮಂಚದ ಸಮೇತ ಮೆಲ್ಲಗೆ ಬಂಡಿಯಿಂದ ಇಳಿಸಿಕೊಟ್ಟ.

ಅಂದಾನಪ್ಪನಿಗೆ ಎಚ್ಚರವಾದದ್ದು ಶಾಂತಕ್ಕನ ದನಿಗೆ. "ಎಂಥಾ ಬಂಗಾರದಂಥಾ ಮನಷ್ಯಾ! ಇಡೀ ಹೊಸಪ್ಯಾಟ್ಯಾಗ ಹುಡುಕಿದ್ರೂ ಇಂಥಾವ ಸಿಗಂಗಿಲ್ಲ!" ನಿನ್ನೆ ತಾನೇ ಬಾವಿಯ ಹಗ್ಗದ ಸಲುವಾಗಿ ಇವನ ಜನ್ಮ ಜಾಲಾಡಿದ ಶಾಂತಕ್ಕ ಇವಳೇನಾ? ಕಣ್ಣು ಅರ್ಧ ತೆರೆದು ನೋಡಿದ. ಓಣಿಗೆ ಓಣಿಯೇ ಕೈಮುಗಿದು ನಿಂತಿದೆ. ಯಾರೋ ಕೊರಳಿಗೆ ಹಾರ ಹಾಕಿದರು. ಪರವಾಗಿಲ್ಲ, ಹೊಸ ನಮೂನೆಯ ಮಂಚಕ್ಕೆ ಜನ ಮರ್ಯಾದೆ ಕೊಡುತ್ತಿದ್ದಾರೆ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಮಂಚ ನೋಡಿ ಅಳುವುದೇಕೆ? ಅದು ತಿಳಿಯಲಿಲ್ಲ. ಕಾಲ ಬಳಿ ನಿಂತು ಬಿಕ್ಕುತ್ತಿದ್ದ ಗಾದಿಲಿಂಗಪ್ಪನನ್ನು ಮೆಲ್ಲಗೆ ಕೇಳಿದ.

"ಅಣ್ಣಾ, ಯಾರು ಹೋದ್ರು?"

"ನೀನೇ ಹೋದ್ಯಲ್ಲೋ ತಮ್ಮಾ" ಎಂದು ಗಾದಿಲಿಂಗಪ್ಪ ಅಳುತ್ತಲೇ ಉತ್ತರ ಕೊಟ್ಟ.

"ನಾನಾ? ಯಾವಾಗ?"

"ಮಧ್ಯಾಹ್ನ" ಎಂದವನಿಗೆ, ತಾನು ಯಾರ ಜೊತೆ ಮಾತಾಡುತ್ತಿದ್ದೇನೆಂದು ಆಮೇಲೆ ಹೊಳೆಯಿತು. "ಅಯ್ಯಯ್ಯಪ್ಪೋ!" ಎಂದು ಚೀರಿ ಭಜನೆಯವರ ಮೇಲೆ ಬಿದ್ದ. ತಾಳ ಒಂದು ಕಡೆ, ತಬಲಾ ಒಂದು ಕಡೆ, ಜನ ದಿಕ್ಕಿಗೊಬ್ಬರು. ಅಂದಾನಪ್ಪನೂ ಹೆದರಿ ಓಡಬೇಕೆಂದರೆ ಎದೆಗೆ ಕಟ್ಟಿದ ವಸ್ತ್ರ ಬಿಡುತ್ತಿಲ್ಲ. ತಾನು ನಿಜಕ್ಕೂ ಸತ್ತಿರಬಹುದೇ ಎಂದು ಅವನಿಗೇ ಒಂದು ಗಳಿಗೆ ಅನುಮಾನವಾಯಿತು.

ಅದೇ ಹೊತ್ತಿಗೆ ಕಂಪ್ಲಿಯ ಬಂಡಿ ಬಂತು. ಓಣಿಯ ಮೂಲೆಯಲ್ಲೇ ಸುದ್ದಿ ಕೇಳಿದ ಸುವರ್ಣಮ್ಮ ಸೆರಗು ಜಾರಿದ್ದೂ ತಿಳಿಯದೆ ಓಡಿ ಬಂದು ಅಂದಾನಪ್ಪನ ಕಾಲು ಹಿಡಿದುಕೊಂಡಳು.

"ನಂಗ ಯಾವ ಮಂಚಾನೂ ಬ್ಯಾಡ್ರೀ! ಚಾಪಿ ಮ್ಯಾಲೇ ಮಲಕೊಂತೀನಿ. ನೂರು ಚೇಳು ಕಡೀಲಿ ಬೇಕಾದ್ರ. ನೀವೊಬ್ರು ಇದ್ರ ಸಾಕಾಗಿತ್ತಲ್ರೀ!"

ಮದುವೆಯಾಗಿ ಆರು ವರ್ಷದಲ್ಲಿ ಅಂದಾನಪ್ಪ ಇಂಥ ಮಾತು ಕೇಳಿರಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು. "ಇದ್ದೀನಲ್ಲೇ ಸುವರ್ಣೀ" ಎಂದ. ಅವಳು ತಲೆ ಎತ್ತಿ ನೋಡಿದಳು, ಮುಟ್ಟಿ ನೋಡಿದಳು, ಅತ್ತಳು, ನಕ್ಕಳು, ಆಮೇಲೆ "ಜೀವಾ ತಿಂದ್ರಲ್ರೀ" ಎಂದು ಅವನ ಎದೆಗೆ ಬಿಗಿದ ವಸ್ತ್ರ ಬಿಚ್ಚಿ, ಬೆನ್ನಿಗೆ ಎರಡು ಗುದ್ದಿದಳು. ಗುದ್ದು ಬಿದ್ದ ಮೇಲೆ ಜನಕ್ಕೆ ಧೈರ್ಯ ಬಂದು ಒಬ್ಬೊಬ್ಬರೇ ಹತ್ತಿರ ಬಂದರು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಕೊಟ್ರಯ್ಯನವರು ಗಂಟಲು ಸರಿಮಾಡಿಕೊಂಡರು.

"ಎಲ್ಲಾ ಸರಿ. ಕುಣಿ ತೋಡೈತಲ್ಲ, ಅದಕ್ಕೇನ್ ಮಾಡೋಣ? ಬಾಯಿ ತೆರದ ಕುಣೀನ ಬರಿದೇ ಮುಚ್ಚಬಾರದು. ಮುಚ್ಚಿದ್ರ ಅದು ಓಣ್ಯಾಗ ಇನ್ನೊಬ್ಬರನ್ನ ಕೇಳತೈತಿ."

ಎಲ್ಲರ ಕಣ್ಣೂ ತನ್ನಿಂದ ತಾನೇ ಓಣಿಯಲ್ಲಿ ಹಿರಿಯನಾದ ಗಾದಿಲಿಂಗಪ್ಪನ ಮೇಲೆ ಹೋದವು. ಅವನ ಮೋರೆ ಸುಣ್ಣವಾಯಿತು. "ಏನರ ಹಾಕ್ರಿ ಅಯ್ಯಾರ, ಜಲ್ದಿ ಏನರ ಹಾಕ್ರಿ!"

"ಬಾಳಿಕಂಬ ಹಾಕಿದ್ರಾತು" ಎಂದ ಅಂದಾನಪ್ಪ.

"ಬಾಳಿಕಂಬದ ಮುಂದ ಯಾರರ ಅತ್ತಾರೇನು? ಓಣಿ ಅತ್ತಿದ್ದು ಈ ವಿಮಾನದ ಮುಂದ."

"ವಿಮಾನ ಅಲ್ರೀ ಅಯ್ಯಾರ, ಮಂಚ! ಮಂಚ ಇದು!"

"ಮಂಚೋ ವಿಮಾನೋ, ಅತ್ತಾದ ಮ್ಯಾಲೆ ಹೊಸ್ತಿಲ ದಾಟಂಗಿಲ್ಲ" ಎಂದು ಅಡ್ಡ ನಿಂತವನು ಮಾವ ಉಜ್ಜಿನಪ್ಪ. "ನನ್ನ ಮಗಳ ಮುತ್ತೈದಿತನದ ಪ್ರಶ್ನೆ ಐತಿ. ಹೊರ್ರೋ ಇದನ್ನ!"

ಅಂದಾನಪ್ಪ ಒಂದು ಕಾಲು ಹಿಡಿದು ಜಗ್ಗಿದ, ಎಂಟು ಜನ ಮೂರು ಕಾಲು ಹಿಡಿದು ಜಗ್ಗಿದರು. ಮಂಚ ಹೊರಟಿತು. ಹಿಂದೆ ತನ್ನ ಕೊರಳ ಹಾರವನ್ನು ತೆಗೆಯುವುದಕ್ಕೂ ಮರೆತು ಅಂದಾನಪ್ಪ ನಡೆದ. ಕುಣಿಗೆ ಇಳಿಸುವಾಗ ಕಂಬ ಬಿಚ್ಚಿ ಬೆನ್ನಿನ ಹಲಗೆ ಒತ್ತಿದರೆ, ಅದೂ ಸದ್ದಿಲ್ಲದೆ ಮಡಚಿಕೊಂಡು ಅಚ್ಚುಕಟ್ಟಾಗಿ ಕೂತಿತು.

"ಏನ್ ಮಸ್ತ್ ಮಡಚತೈತಪ್ಪ! ಭಾಳ ಡೌಲ ಐತಿ!" ಎಂದು ಗಾದಿಲಿಂಗಪ್ಪ ತಲೆದೂಗಿದ. ಅಂದಾನಪ್ಪನ ಬುದ್ಧಿವಂತಿಕೆಯನ್ನು ಓಣಿ ಮೆಚ್ಚಿದ್ದು ಅದೇ ಮೊದಲು. ಮೊದಲ ಹಿಡಿ ಮಣ್ಣು ಹಾಕಿದವನು ಉಜ್ಜಿನಪ್ಪ.

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿದರು. ಹೋಗಲಿ ಬಿಡು, ಮಂಚ ಹೋದರೂ ಹೆಂಡತಿ ಬಂದಳು, ಇನ್ನು ಬಿಸಿ ರೊಟ್ಟಿ ತಿನ್ನಬಹುದು ಎಂದು ಅಂದಾನಪ್ಪ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಉಜ್ಜಿನಪ್ಪ ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ಕಣ್ಣಾಡಿಸಿದ.

"ಅಳಿಯಂದ್ರ, ಮಂಚ ಎಲ್ಲೈತಿ?"

ಅಂದಾನಪ್ಪ ಕಣ್ಣು ಕಣ್ಣು ಬಿಟ್ಟ. "ಮಾವಾರ, ಈಗ ನೀವೇ ನಿಂತು ಹೂಳಿಸಿದ್ರಲ್ರೀ!"

"ಹೂಳಿಸಿದ್ದು ಧರ್ಮ. ನಾ ಆಡಿದ್ದು ಮಾತು. ಅದು ಬ್ಯಾರೆ, ಇದು ಬ್ಯಾರೆ. ಮನ್ಯಾಗ ಮಂಚ ಇಲ್ಲ ಹೌದೋ ಅಲ್ಲೋ? ನಡಿಯವ್ವ ಸುವರ್ಣೀ, ರಾತ್ರಿ ಕಮಲಾಪುರದ ನಿಮ್ಮ ಸೋದರತ್ತಿ ಮನ್ಯಾಗ ಇದ್ದು, ಮುಂಜಾನೆ ಊರು ಮುಟ್ಟಿದ್ರಾತು."

ಅಂದಾನಪ್ಪ ಕೊನೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದ. "ಸುವರ್ಣೀ, ಮಂಚ ಬ್ಯಾಡ, ಚಾಪಿ ಮ್ಯಾಲೇ ಮಲಕೊಂತೀನಿ ಅಂದ್ಯಲ್ಲೇ! ಓಣಿ ಎಲ್ಲಾ ಕೇಳೇತಿ!"

ಸುವರ್ಣಮ್ಮ ಟ್ರಂಕನ್ನು ಬಂಡಿಯ ಮೇಲೆ ಎತ್ತಿಟ್ಟು, ನೆಲದ ಬಂಡೆಗಳ ಸಂದಿಯನ್ನೊಮ್ಮೆ ನೋಡಿ ಹೇಳಿದಳು.

"ಅದು ನೀವು ಸತ್ತಾಗ ಅಂದಿದ್ದು. ಈಗ ಜೀವಂತ ಅದೀರಲ್ರೀ."